ಪದಚರ್ಚೆ: ‘ಸ್ಲೀಪರ್’ ಆಟಗಾರನನ್ನು ‘ಎಲೆಮರೆಯ ಕಾಯಿ’ ಅನ್ನಬಹುದೇ?

ಗೆಳೆಯರಿಗೆ ನಮಸ್ಕಾರ.

ನಮ್ಮ ಕನ್ನಡ ಕೂಟದ ದೀಪಾವಳಿ ಸಂಚಿಕೆಗೆ ಅಮೆರಿಕನ್ ಫುಟ್‌ಬಾಲ್ ಆಟಗಾರ ಜಾಶ್ ಆಲನ್ ಬಗ್ಗೆ ಬರೆಯುತ್ತಿದ್ದೇನೆ. ಒಂದು ಪದದ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ. ಇಲ್ಲಿ ಅಮೆರಿಕದಲ್ಲಿ ಕಾಲೇಜು ತಂಡಗಳು ಹೈಸ್ಕೂಲಿನಿಂದ ಆಟಗಾರರನ್ನು ಹುಡುಕಿ ತರುತ್ತವೆ. (ಇಲ್ಲಿ ಹೈಸ್ಕೂಲು ಹನ್ನೆರಡನೇ ತರಗತಿವರೆಗೆ. ನಮ್ಮ ಲೆಕ್ಕದಲ್ಲಿ ಪಿಯುಸಿ ಹುಡುಗರು.) ಅವರಲ್ಲಿ ಒಳ್ಳೆ ಕಸುವಿದ್ದೂ ಯಾರ ಪಟ್ಟಿಯಲ್ಲೂ ಇಲ್ಲದವನನ್ನು ‘ಸ್ಲೀಪರ್’ ಅನ್ನುತ್ತಾರೆ. ಹಾಗೇ ಬಿಟ್ಟರೆ ನಮ್ಮವರಿಗೆ ರಾತ್ರಿ ಬಸ್ಸು ನೆನಪಾಗುತ್ತದೆ. ಕನ್ನಡದಲ್ಲಿ ಏನನ್ನೋಣ?

ಆಲನ್ ಕ್ಯಾಲಿಫೋರ್ನಿಯಾದ ಫೈರ್‌ಬಾ ಎಂಬ ಪುಟ್ಟ ಊರಿನವರು, ಹತ್ತಿ ಬೆಳೆಯುವ ರೈತರ ಮಗ. 2014ರಲ್ಲಿ ಹೈಸ್ಕೂಲು ಮುಗಿಸಿದಾಗ ಡಿವಿಷನ್ ಒಂದರ (ಕಾಲೇಜು ಆಟದ ಎಲ್ಲಕ್ಕಿಂತ ಮೇಲಿನ ದರ್ಜೆ) ಒಂದು ಕಾಲೇಜೂ ಸ್ಕಾಲರ್‌ಶಿಪ್ ಕೊಡಲು ಮುಂದೆ ಬರಲಿಲ್ಲ. ಆಗ ಮೈ ಸಣಕಲು. ಬೇಸ್‌ಬಾಲ್, ಬಾಸ್ಕೆಟ್‌ಬಾಲ್ ಕೂಡ ಆಡುತ್ತಿದ್ದರಿಂದ ಫುಟ್‌ಬಾಲ್ ಕ್ಯಾಂಪುಗಳಿಗೆ ಹೋಗಿದ್ದು ಕಮ್ಮಿ. ಕೋಚ್‌ಗಳ ಕಣ್ಣಿಗೆ ಬೀಳೋದು ಆ ಕ್ಯಾಂಪುಗಳಲ್ಲೇ ಜಾಸ್ತಿ. ಎರಡು ವರ್ಷದ ಕೋರ್ಸಿನ ರೀಡ್ಲಿ ಕಾಲೇಜು ಸೇರಿ ಒಂದು ಸೀಸನ್ ಆಡಿದರು. ಆಮೇಲೆ ದೇಶದ ಕೋಚ್‌ಗಳಿಗೆಲ್ಲ ತಾವೇ ಕೂತು ರಾಶಿ ರಾಶಿ ಇಮೇಲ್ ಕಳಿಸಿದರು. ಕೊನೆಗೆ ವಯೋಮಿಂಗ್ ವಿಶ್ವವಿದ್ಯಾಲಯ ಕರೆಯಿತು. ಇಲ್ಲಿನ ವೃತ್ತಿಪರ ಲೀಗ್ ಎನ್‌ಎಫ್‌ಎಲ್. ಅದರ ತಂಡಗಳು ವರ್ಷಕ್ಕೊಮ್ಮೆ ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವುದಕ್ಕೆ ಡ್ರಾಫ್ಟ್ ಅನ್ನುತ್ತಾರೆ. 2018ರ ಡ್ರಾಫ್ಟ್‌ನಲ್ಲಿ ಏಳನೆಯವರಾಗಿ ಬಫಲೋ ಬಿಲ್ಸ್ ತಂಡ ಸೇರಿದರು. 2024ರ ಸೀಸನ್ನಿನ ಎಂವಿಪಿ (ಲೀಗಿನ ಅತ್ಯಮೂಲ್ಯ ಆಟಗಾರ) ಇವರೇ.

ನನಗೆ ಮೊದಲು ಹೊಳೆದದ್ದು ‘ಎಲೆಮರೆಯ ಕಾಯಿ’. ಬರೆದ ಮೇಲೆ ಅನುಮಾನ ಬಂತು. ಈ ಮಾತನ್ನು ನಾವು ಜಾಸ್ತಿ ಕೇಳುವುದು ಸನ್ಮಾನದ ವೇದಿಕೆಯಲ್ಲಿ. ನಲವತ್ತು ವರ್ಷ ಸದ್ದಿಲ್ಲದೆ ದುಡಿದ ಹಿರಿಯರಿಗೆ ಶಾಲು ಹೊದಿಸಿ ‘ಎಲೆಮರೆಯ ಕಾಯಿಯಂತೆ ಸೇವೆ ಸಲ್ಲಿಸಿದವರು’ ಅನ್ನುತ್ತಾರೆ. ಮರೆಯಲ್ಲಿರುವುದು ಅವರದೇ ಇಷ್ಟ, ಅದೇ ಅವರ ದೊಡ್ಡ ಗುಣ ಅನ್ನುವ ಅರ್ಥ. ಆಲನ್ ಹಾಗಲ್ಲ. ‘ನನ್ನನ್ನು ನೋಡಿ’ ಅಂತ ಕಂಡಕಂಡವರಿಗೆಲ್ಲ ಬರೆದ ಹುಡುಗ.

ಆದರೂ ಆ ಪದ ಬಿಡಲು ಮನಸ್ಸಿಲ್ಲ. ಹೋದ ಬೇಸಿಗೆಯಲ್ಲಿ ಅಮ್ಮ ಇಲ್ಲಿಗೆ ಬಂದಿದ್ದರು. ಹಿತ್ತಿಲ ಬಳ್ಳಿಯಿಂದ ಸೌತೆಕಾಯಿ ಎಲ್ಲ ಕಿತ್ತಾಯ್ತು ಅಂತ ನಾನು ಒಳಗೆ ಬಂದೆ. ಅವರು ಹೋಗಿ, ಬಗ್ಗಿ, ಒಂದೊಂದೇ ಎಲೆ ಎತ್ತಿ ನೋಡಿ ಇನ್ನೂ ಮೂರು ತಂದರು. ಒಂದಂತೂ ಬಲಿತು ಹಳದಿಗೆ ತಿರುಗಿತ್ತು. ‘ಮೇಲಿಂದ ನೋಡಿದ್ರೆ ಎಲ್ಲಿ ಕಾಣುತ್ತೆ ಮಗಾ, ಎಲೆ ಎತ್ತಬೇಕು’ ಅಂದರು. ಅಲ್ಲಿ ಕಾಯಿಯ ವಿನಯದ ಪ್ರಶ್ನೆಯೇ ಇಲ್ಲ, ಅಲ್ವಾ? ಕೀಳುವವರ ಕಣ್ಣು ತಪ್ಪಿತ್ತು, ಅಷ್ಟೆ. ಮಾತು ಹುಟ್ಟಿದ್ದು ಬಳ್ಳಿಯ ಹತ್ತಿರ, ವಿನಯ ಸೇರಿಕೊಂಡದ್ದು ವೇದಿಕೆಯಲ್ಲಿ ಅಂತ ನನ್ನ ಅನಿಸಿಕೆ. ಮತ್ತೆ ಕಾಯಿ ಅಂದರೆ ಇನ್ನೂ ಹಣ್ಣಾಗದ್ದು. ಎಪ್ಪತ್ತರ ಹಿರಿಯರಿಗಿಂತ ಹದಿನೇಳರ ಹುಡುಗನಿಗೇ ಅದು ಚೆನ್ನಾಗಿ ಒಪ್ಪುತ್ತದೆ.

ಇಂಗ್ಲಿಷಿನ ‘ಡಾರ್ಕ್ ಹಾರ್ಸ್’ಗೆ ‘ಕಪ್ಪು ಕುದುರೆ’ ಅಂತ ಪತ್ರಿಕೆಗಳಲ್ಲಿ ಬರುತ್ತದೆ. ಅದು ನನಗೆ ಕನ್ನಡದ್ದು ಅನಿಸುವುದಿಲ್ಲ. ‘ಬೂದಿ ಮುಚ್ಚಿದ ಕೆಂಡ’ದಲ್ಲಿ ಸಿಟ್ಟಿದೆ, ಬೇಡ.

ಹೀಗೆ ಆಟಗಾರರನ್ನು ಹುಡುಕಿ ತರುವ ‘ರಿಕ್ರೂಟಿಂಗ್‌’ಗೆ ‘ನೇಮಕಾತಿ’ಯೂ ಹಿಡಿಸಲಿಲ್ಲ. ನೇಮಕಾತಿ ಅಂದರೆ ಅರ್ಜಿ ಹಾಕಿ ಕಾಯಬೇಕು. ಇಲ್ಲಿ ಒಳ್ಳೆ ಹುಡುಗನಿದ್ದರೆ ಕೋಚ್‌ಗಳೇ ಮನೆಗೆ ಹೋಗಿ ಅಪ್ಪ ಅಮ್ಮನ ಎದುರು ಕೂತು ಒಪ್ಪಿಸುತ್ತಾರೆ. ‘ಗೊತ್ತು ಮಾಡಿಕೊಳ್ಳುವುದು’ ಅಂತ ಬರೆದಿದ್ದೇನೆ.

ಇನ್ನೊಂದು ಕಷ್ಟದ್ದು ‘ವಾಕ್-ಆನ್’. ದೊಡ್ಡ ತಂಡವೊಂದಕ್ಕೆ 85 ಸ್ಕಾಲರ್‌ಶಿಪ್ ಅನ್ನುವ ಮಿತಿ ಬಹಳ ವರ್ಷ ಇತ್ತು. ಅದು ಸಿಗದೆ, ಸ್ವಂತ ಖರ್ಚಿನಲ್ಲಿ ಓದುತ್ತಾ ತಂಡದಲ್ಲಿ ಜಾಗ ಗಿಟ್ಟಿಸಿದವರು ವಾಕ್-ಆನ್‌ಗಳು. ಮುಂದೆ ಎನ್‌ಎಫ್‌ಎಲ್‌ನಲ್ಲಿ ಹೆಸರು ಮಾಡಿದ ಜೆ. ಜೆ. ವಾಟ್ ಸೆಂಟ್ರಲ್ ಮಿಷಿಗನ್ ವಿಶ್ವವಿದ್ಯಾಲಯದಲ್ಲಿದ್ದ ಸ್ಕಾಲರ್‌ಶಿಪ್ ಬಿಟ್ಟು ವಿಸ್ಕಾನ್ಸಿನ್ ವಿಶ್ವವಿದ್ಯಾಲಯಕ್ಕೆ ಹೀಗೇ ಹೋದರು. 2011ರ ಡ್ರಾಫ್ಟ್‌ನಲ್ಲಿ 11ನೆಯವರಾಗಿ ಆಯ್ಕೆಯಾದರು. ನನ್ನ ತಂಗಿ ‘ಪೇಮೆಂಟ್ ಸೀಟು’ ಅನ್ನು ಅಂದಳು. ಓದಿದವರಿಗೆ ತಕ್ಷಣ ತಿಳಿಯುತ್ತದೆ, ನಿಜ. ಆದರೆ ಅದರಲ್ಲಿ ಯೋಗ್ಯತೆ ಸಾಲದೆ ದುಡ್ಡು ಕೊಟ್ಟು ಕೊಂಡ ಜಾಗ ಅನ್ನುವ ಧ್ವನಿ ಇದೆ. ಬೆವರು ಸುರಿಸಿ ಜಾಗ ಪಡೆದವರಿಗೆ ಆ ಹೆಸರು ಹಚ್ಚಲು ನನಗೆ ಕೈ ಬರುತ್ತಿಲ್ಲ. ಸದ್ಯಕ್ಕೆ ‘ಸ್ವಂತ ಖರ್ಚಿನ ಆಟಗಾರ’ ಅಂತ ಇಟ್ಟಿದ್ದೇನೆ, ಸಪ್ಪೆ ಅನಿಸುತ್ತಿದೆ.

ನಿಮ್ಮ ಕಡೆ ಕೀಳುವಾಗ ಕಣ್ತಪ್ಪಿ ಬಳ್ಳಿಯಲ್ಲೇ ಉಳಿದ ಕಾಯಿಗೆ ಬೇರೆ ಹೆಸರಿದೆಯಾ? ಯಕ್ಷಗಾನ ಮೇಳಗಳಲ್ಲಿ, ಕುಸ್ತಿ ಗರಡಿಗಳಲ್ಲಿ ಹೊಸ ಹುಡುಗನನ್ನು ಹುಡುಕಿ ತರುವುದಕ್ಕೆ ಏನನ್ನುತ್ತಾರೆ? ಗೊತ್ತಿದ್ದವರು ದಯವಿಟ್ಟು ಬರೆಯಿರಿ. ಸಂಚಿಕೆ ಮುಂದಿನ ವಾರ ಅಚ್ಚಿಗೆ ಹೋಗುತ್ತದೆ.