ಸೋರಿಯಾಸಿಸ್‌ಗೆ ಮುಲಾಮು ಸಾಲ್ತಿಲ್ಲ: ಮಾತ್ರೆನಾ, ಲೈಟಾ, ಇಂಜೆಕ್ಷನ್ನಾ? ಅನುಭವ ಹೇಳಿ

ಸುಮಾ, ವಿಜಯನಗರ
ಯಜಮಾನ್ರಿಗೆ 36 ವರ್ಷ. ಒಂಬತ್ತು ವರ್ಷದಿಂದ ಸೋರಿಯಾಸಿಸ್ ಇದೆ. ತಲೆ, ಮೊಣಕೈ, ಮೊಣಕಾಲು, ಸೊಂಟದ ಹಿಂದೆ, ಎಲ್ಲಾ ಸೇರಿ ಅವರ ಅಂಗೈ ಅಳತೆಯಲ್ಲಿ ಹನ್ನೆರಡು ಅಂಗೈ ಆಗುತ್ತೆ. ಉಗುರಲ್ಲಿ ಸಣ್ಣ ಸಣ್ಣ ಗುಳಿ, ಬೆಳಗ್ಗೆ ಎದ್ದರೆ ಹಿಮ್ಮಡಿ ನೋವು. ಇಲ್ಲೀತನಕ ಬರೀ ಮುಲಾಮು. ಈಗ ಡಾಕ್ಟ್ರು ಮೆಥೊಟ್ರೆಕ್ಸೇಟ್ ಮಾತ್ರೆ, ಎನ್‌ಬಿ-ಯುವಿಬಿ ಲೈಟ್ (ಮೈಗೆ ನೇರಳಾತೀತ ಬೆಳಕು ಬಿಡೋದು), ಅಪ್ರೆಮಿಲಾಸ್ಟ್ ಮಾತ್ರೆ ಮೂರನ್ನೂ ಹೇಳಿ, ಯೋಚನೆ ಮಾಡಿ ಬನ್ನಿ ಅಂದಿದ್ದಾರೆ. ಮುಂದಿನ ವರ್ಷ ಮಗು ಮಾಡ್ಕೊಳ್ಳೋ ಆಸೆ ಇದೆ. ಯಾವುದು ವಾಸಿ?

ಬಸವನಗುಡಿ ರಘು
ಮೆಥೊಟ್ರೆಕ್ಸೇಟ್. ನಾನು ಆರಿಸಿಕೊಂಡಿದ್ದೂ ಅದೇ, ಇವತ್ತಿಗೂ ಅದನ್ನೇ ಹೇಳ್ತೀನಿ. ಹೆಸರು ಕೇಳಿ ಕ್ಯಾನ್ಸರ್ ಮಾತ್ರೆ ಅಂತ ಓಡೋರಿಗೆ ಒಂದು ಮಾತು: ಇಲ್ಲಿ ಕೊಡೋ ಪ್ರಮಾಣ ವಾರಕ್ಕೆ 7.5ರಿಂದ 25 ಮಿಲಿಗ್ರಾಂ ಅಷ್ಟೇ. ವಾರಕ್ಕೆ, ದಿನಕ್ಕಲ್ಲ! ಈ ಒಂದು ತಪ್ಪಿನಿಂದ ಜೀವ ಹೋಗಿರೋದುಂಟು. ಚೀಟಿ ಮೇಲೆ "ಭಾನುವಾರ ಮಾತ್ರ" ಅಂತ ಡಾಕ್ಟ್ರ ಕೈಯಲ್ಲೇ ಬರೆಸಿ. 2.5 ಮತ್ತು 10ರ ಮಾತ್ರೆ ಎರಡೂ ಮನೇಲಿ ಇಡಬೇಡಿ, ಒಂದೇ ಅಳತೆಯದು ತಗೊಳ್ಳಿ. ಫೋಲಿಕ್ ಆಸಿಡ್ 5 ಮಿಲಿಗ್ರಾಂ ಬೇರೆ ದಿನ, ಅದೇ ದಿನ ಬೇಡ. ಬಾಯಲ್ಲಿ ಹುಣ್ಣು ಬಂತು ಅಂದ್ರೆ ಮುಂದಿನ ಮಾತ್ರೆ ನುಂಗೋ ಮುಂಚೆ ರಕ್ತ ಪರೀಕ್ಷೆ ಆಗಲೇಬೇಕು.

ಶುರು ಮಾಡೋಕೆ ಮೊದಲು ಸಿಬಿಸಿ (ರಕ್ತಕಣಗಳ ಎಣಿಕೆ), ಲಿವರ್, ಕ್ರಿಯಾಟಿನಿನ್ (ಕಿಡ್ನಿಗೆ), ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ. ಆಮೇಲೆ ಮೊದಮೊದಲು ಬೇಗ ಬೇಗ, ಹೊಂದಿಕೊಂಡ ಮೇಲೆ ಮೂರು ತಿಂಗಳಿಗೊಮ್ಮೆ. ಮಾತ್ರೆ ತಗೊಂಡ ಮಾರನೇ ದಿನ ರಕ್ತ ಕೊಡಬೇಡಿ, ಲಿವರ್ ಎನ್ಜೈಮು ತಾತ್ಕಾಲಿಕವಾಗಿ ಏರಿರುತ್ತೆ. ಸುಮ್ನೆ ಗಾಬರಿ, ಮತ್ತೆ ಪರೀಕ್ಷೆ, ಮತ್ತೆ ದುಡ್ಡು. ಮುಂದಿನ ಮಾತ್ರೆಗೆ ಒಂದು ದಿನ ಮೊದಲು ಕೊಡಿ. ಕೋ-ಟ್ರೈಮಾಕ್ಸಜೋಲ್ ಆಂಟಿಬಯಾಟಿಕ್ ಯಾರು ಬರೆದುಕೊಟ್ಟರೂ ಬೇಡ ಅನ್ನಿ, ಎರಡೂ ಸೇರಿದರೆ ರಕ್ತಕಣ ಕುಸಿಯುತ್ತೆ. ಮದ್ಯ ಕುಡಿಯೋರಾದ್ರೆ ಈ ಔಷಧಿಯ ಮಾತೇ ಬೇಡ. ಹೊಟ್ಟೆ ತೊಳೆಸಿದರೆ ರಾತ್ರಿ ಊಟ ಆದ ಮೇಲೆ ತಗೊಳ್ಳಿ, ಅದಕ್ಕೂ ಬಗ್ಗದಿದ್ದರೆ ಚರ್ಮದಡಿಯ ಇಂಜೆಕ್ಷನ್ ಕೇಳಿ. ಗುಣ ಕಾಣೋಕೆ ಎರಡು ಮೂರು ತಿಂಗಳು ಬೇಕು. ಮೂರನೇ ವಾರಕ್ಕೇ "ಕೆಲಸ ಮಾಡ್ತಿಲ್ಲ" ಅಂತ ಬಿಡೋರೇ ಜಾಸ್ತಿ.

ಎಚ್‌ಎಸ್‌ಆರ್ ಲತಾ
ಲಿವರ್ ಒತ್ತೆ ಇಡೋ ಔಷಧಿಗೆ ಇಷ್ಟು ಜೋರಾ ರಘು ಅವರೇ? 311 ನ್ಯಾನೋಮೀಟರ್ ಲೈಟ್ ಇರುವಾಗ ಒಳಗೆ ಏನೂ ನುಂಗಬೇಕಾಗಿಲ್ಲ. ಆದರೆ ಖರ್ಚಿನ ಲೆಕ್ಕ ಯಾರೂ ಪೂರ್ತಿ ಹೇಳಲ್ಲ, ನಾನು ಹೇಳ್ತೀನಿ. ವಾರಕ್ಕೆ ಮೂರರಂತೆ 36 ಸಿಟ್ಟಿಂಗ್. ಸಿಟ್ಟಿಂಗಿಗೆ ₹400 ಅಂದ್ರೆ ₹14,400. ಆಟೋ ಹೋಗಿಬರೋಕೆ ₹260, ಅದು ₹9,360. ಒಟ್ಟು ₹23,760. ಒಳಗೆ ನಿಲ್ಲೋದು ಒಂದೆರಡು ನಿಮಿಷ, ಸಿಲ್ಕ್ ಬೋರ್ಡ್ ಟ್ರಾಫಿಕ್ಕಲ್ಲಿ ನಿಲ್ಲೋದು ನಲವತ್ತು ನಿಮಿಷ. ಅದಕ್ಕೇ ಮನೆ ಹತ್ತಿರದ ಜಾಗ ನೋಡ್ಕೊಳ್ಳಿ, ಹೆಸರು ನೋಡಿ ದೂರ ಹೋಗಬೇಡಿ.

ಕನ್ನಡಕ, ಗಂಡಸರಿಗೆ ಮರ್ಮಾಂಗದ ಹೊದಿಕೆ ಕಡ್ಡಾಯ. ಪ್ರತಿ ಸಲವೂ ಒಂದೇ ಅಳತೆಯ ಒಳಉಡುಪು ಹಾಕಿ. ಒಂದು ದಿನ ಚಿಕ್ಕದು ಹಾಕಿದರೆ ಅದುವರೆಗೂ ಬೆಳಕು ಕಾಣದ ಚರ್ಮದ ಮೇಲೆ ಪೂರ್ತಿ ಡೋಸ್ ಬಿದ್ದು ಸುಡುತ್ತೆ. ಹೊಟ್ಟು ಕರಗಿಸೋ ಸ್ಯಾಲಿಸಿಲಿಕ್ ಮುಲಾಮು ಹಚ್ಚಿಕೊಂಡು ನಿಂತರೆ ಬೆಳಕು ಒಳಗೆ ಇಳಿಯಲ್ಲ, ಅದನ್ನು ಆಮೇಲೆ ಹಚ್ಚಿ. ಚಿಕಿತ್ಸೆಯ ಪುಸ್ತಕದಲ್ಲಿ ನಿಮಿಷ ಬರೆಸಬೇಡಿ, ಮಿಲಿಜೂಲ್ (ಬೆಳಕಿನ ಶಕ್ತಿಯ ಅಳತೆ) ಬರೆಸಿ. ಯಂತ್ರಕ್ಕೆ ಹೊಸ ಟ್ಯೂಬ್‌ಲೈಟ್ ಹಾಕಿದ ದಿನ ಬೆಳಕು ಜೋರಿರುತ್ತೆ, ಹಳೇ ನಿಮಿಷಕ್ಕೆ ನಿಂತರೆ ಮೈ ಕೆಂಪಾಗೋದು ಖಂಡಿತ. ಒಂದು ವಾರದೊಳಗೆ ತಪ್ಪಿದರೆ ಅದೇ ಡೋಸ್, ಎರಡನೇ ವಾರಕ್ಕೆ ಹೋದರೆ ಕಾಲು ಭಾಗ ಇಳಿಸಬೇಕು, ಮೂರನೇ ವಾರಕ್ಕೆ ಅರ್ಧ, ಅದೂ ದಾಟಿದರೆ ಮೊದಲಿನಿಂದ. ಸಂಕ್ರಾಂತಿಗೆ ಊರಿಗೆ ಹೋಗಿಬಂದು ಹಳೇ ಡೋಸಿಗೇ ನಿಲ್ಲೋದು ಬೇಡ.

ಬಸವನಗುಡಿ ರಘು
ತಲೆಗೆ? ಕೂದಲು ದಾಟಿ ಲೈಟ್ ಹೋಗುತ್ತಾ? ಉಗುರಿಗೆ? ನಿಲ್ಲಿಸಿದ ಮೇಲೆ ಗುಣ ಎಷ್ಟು ತಿಂಗಳು ಉಳಿಯುತ್ತೆ ಅದನ್ನೂ ಹೇಳಿ.

ಎಚ್‌ಎಸ್‌ಆರ್ ಲತಾ
ನಿಮ್ಮ ಮಾತ್ರೆ ನಿಲ್ಲಿಸಿದರೂ ವಾಪಸ್ ಬರುತ್ತೆ. ಇದು ಬೇರು ಸಮೇತ ಕೀಳೋ ಕಾಯಿಲೆ ಅಲ್ಲ ಅಂತ ಇಲ್ಲಿ ಎಲ್ಲರಿಗೂ ಗೊತ್ತು. ತಲೆಗೆ ಹೋಗಲ್ಲ, ಒಪ್ತೀನಿ. ಅದಕ್ಕೆ ಲೋಷನ್ ಇದೆ.

ಮಲ್ಲೇಶ್ವರಂ ಔಷಧಿ ಅಂಗಡಿ
ಮುಲಾಮು ಸಾಲ್ತಿಲ್ಲ ಅನ್ನೋರಲ್ಲಿ ಎಷ್ಟೋ ಜನ ಸಾಕಷ್ಟು ಹಚ್ಚಿರೋದೇ ಇಲ್ಲ. ತೋರುಬೆರಳಿನ ಕೊನೇ ಗೆಣ್ಣಿನಷ್ಟು ಉದ್ದ ಹಿಂಡಿದರೆ ಅರ್ಧ ಗ್ರಾಂ, ಅದು ಎರಡು ಅಂಗೈ ಜಾಗಕ್ಕೆ. ಹನ್ನೆರಡು ಅಂಗೈಗೆ ಒಂದು ಸಲಕ್ಕೆ 3 ಗ್ರಾಂ. ದಿನಕ್ಕೆರಡು ಸಲ ಅಂದ್ರೆ 30 ಗ್ರಾಂ ಟ್ಯೂಬು ಐದೇ ದಿನ. ತಿಂಗಳಿಡೀ ಒಂದೇ ಟ್ಯೂಬಲ್ಲಿ ಕಳೆಯೋರು "ಪ್ರಯೋಜನ ಇಲ್ಲ" ಅಂತಾರೆ. ಹಾಗಂತ ಕ್ಲೊಬೆಟಸಾಲ್ (ತುಂಬಾ ಜೋರಿನ ಸ್ಟೀರಾಯ್ಡ್ ಮುಲಾಮು) ಎರಡು ವಾರ ಮೀರಿ, ವಾರಕ್ಕೆ 50 ಗ್ರಾಂ ಮೀರಿ ಬೇಡ. ಮುಖ, ಕಂಕುಳು, ತೊಡೆಸಂದಿಗಂತೂ ಬೇಡವೇ ಬೇಡ, ಚರ್ಮ ಕಾಗದದ ಹಾಗೆ ಆಗುತ್ತೆ. ಕ್ಯಾಲ್ಸಿಪೊಟ್ರಿಯಾಲ್ (ವಿಟಮಿನ್ ಡಿ ಜಾತಿಯ ಮುಲಾಮು) ಜೊತೆ ಸ್ಯಾಲಿಸಿಲಿಕ್ ಬೆರೆಸಿದರೆ ಕ್ಯಾಲ್ಸಿಪೊಟ್ರಿಯಾಲ್ ಕೆಟ್ಟುಹೋಗುತ್ತೆ, ಒಂದು ಬೆಳಗ್ಗೆ, ಒಂದು ರಾತ್ರಿ ಮಾಡಿ. ತಲೆಗೆ ಮೊದಲು ಎಣ್ಣೆ ನೆನೆಸಿ ಹೊಟ್ಟು ತೆಗೀರಿ, ಬೈತಲೆ ಬೈತಲೆಯಾಗಿ ಕೂದಲು ಬಿಡಿಸಿ ಲೋಷನ್ ಬುಡಕ್ಕೆ ಬಿಡಿ. ಹೊಟ್ಟಿನ ಮೇಲೆ ಸುರಿದ ಔಷಧಿ ಹೊಟ್ಟಿಗೇ ಹೋಯ್ತು.

ರಾಮನಗರ ಶಿವಣ್ಣ
ಇಷ್ಟೆಲ್ಲಾ ಯಾಕೆ? ಚನ್ನಪಟ್ಟಣದ ಬೊಂಬೆ ಮಾಡ್ತಾರಲ್ಲ, ಆ ಆಲೆ ಮರದ ಎಲೆ ಕೊಬ್ಬರಿ ಎಣ್ಣೇಲಿ ಹಾಕಿ ಗಾಜಿನ ಬಾಟ್ಲಿ ಬಿಸಿಲಿಗೆ ಇಡಿ. ಎಣ್ಣೆ ನೇರಳೆ ಬಣ್ಣಕ್ಕೆ ತಿರುಗುತ್ತೆ. ಸಿದ್ಧ ಪದ್ಧತಿಯ ವೈದ್ಯರು ಸೋರಿಯಾಸಿಸ್‌ಗೇ ಕೊಡೋದು ಅದನ್ನ.

ಮಲ್ಲೇಶ್ವರಂ ಔಷಧಿ ಅಂಗಡಿ
ಎಣ್ಣೆ ಹಚ್ಚಲಿ ಶಿವಣ್ಣ, ಹೊಟ್ಟು ಮೆದುವಾಗುತ್ತೆ. ನನ್ನ ಕೋಪ ಇರೋದು ಲೇಬಲ್ ಇಲ್ಲದ ಪೊಟ್ಟಣದ ಪುಡಿ ಮೇಲೆ. ಹತ್ತೇ ದಿನಕ್ಕೆ ಮೈ ಪೂರ್ತಿ ತಿಳಿಯಾಯ್ತು ಅಂದ್ರೆ ಸ್ಟೀರಾಯ್ಡ್ ಬೆರೆಸಿದ್ದಾರೆ ಅಂತಲೇ ಅನುಮಾನ ಪಡಿ. ನಿಲ್ಲಿಸಿದ ಕೂಡಲೇ ಕೀವುಗುಳ್ಳೆ ಏಳಬಹುದು, ಇಡೀ ಮೈ ಕೆಂಪಾಗಿ ಜ್ವರ ಬಂದು ವಾರ್ಡು ಸೇರಬೇಕಾಗಬಹುದು.

ರಾಮನಗರ ಶಿವಣ್ಣ
ನಾನು ಪುಡಿ ಅಂದಿಲ್ಲ. ಎಲೆ ಅಂದೆ, ಎಣ್ಣೆ ಅಂದೆ. ನಾಟಿ ಅಂದ ತಕ್ಷಣ ಎಲ್ಲರನ್ನೂ ಒಂದೇ ತಕ್ಕಡೀಲಿ ತೂಗಬೇಡಿ ಸ್ವಾಮಿ.

ಯಲಹಂಕ ಪ್ರದೀಪ್
ಅಪ್ರೆಮಿಲಾಸ್ಟ್ ಬಗ್ಗೆ ಒಬ್ಬರೂ ಬಾಯಿ ಬಿಟ್ಟಿಲ್ಲ. ಮೊದಲ ದಿನ ಬೆಳಗ್ಗೆ 10, ಎರಡನೇ ದಿನ 10+10 (ಬೆಳಗ್ಗೆ+ರಾತ್ರಿ), ಆಮೇಲೆ ದಿನಕ್ಕೊಂದು ಮೆಟ್ಟಿಲಿನಂತೆ 10+20, 20+20, 20+30, ಆರನೇ ದಿನದಿಂದ 30+30 ಮಿಲಿಗ್ರಾಂ. ಮೆಟ್ಟಿಲು ಹಾರಿ ಮೊದಲ ದಿನವೇ 30 ನುಂಗಿದರೆ ಭೇದಿ, ವಾಕರಿಕೆ ಹೆಚ್ಚು. ಮೆಟ್ಟಿಲು ಹತ್ತಿದರೂ ಮೊದಲ ಎರಡು ವಾರ ಹೊಟ್ಟೆ ಕೆಡಬಹುದು, ಮಜ್ಜಿಗೆ ಅನ್ನ, ಗಂಜೀಲಿ ದಾಟಿಸಿ. ತೂಕ ಇಳಿಯಬಹುದು, ತಿಂಗಳಿಗೊಮ್ಮೆ ತೂಕ ನೋಡ್ಕೊಳ್ಳಿ. ಮನಸ್ಸು ಕುಗ್ಗಿದರೆ ಡಾಕ್ಟ್ರಿಗೆ ಹೇಳಲೇಬೇಕು. ಪದೇ ಪದೇ ರಕ್ತ ಕೊಡೋ ಕಾಟ ಇಲ್ಲ. ಕಿಡ್ನಿ ತೀರಾ ಸೊರಗಿದವರಿಗೆ ಮಾತ್ರ ದಿನಕ್ಕೆ ಒಂದೇ ಸಲ 30.

ಜಾಲಹಳ್ಳಿ ವೀಣಾ
ಇಂಜೆಕ್ಷನ್ ವಿಷಯ ನಾನು ಹೇಳ್ತೀನಿ. ಸೋರಿಯಾಸಿಸ್‌ಗೆ ಕೊಡೋ ಸೆಕುಕಿನುಮಾಬ್ ಇಂಜೆಕ್ಷನ್ ದರ ಕೇಳುವಾಗ ಒಂದು ಪೆನ್ನಿನ (ಔಷಧಿ ತುಂಬಿದ ಚುಚ್ಚುಪೆನ್ನು) ದರ ಕೇಳಿ ಬರಬೇಡಿ. ಒಂದು ಡೋಸ್ 300 ಮಿಲಿಗ್ರಾಂ ಅಂದ್ರೆ 150ರ ಎರಡು ಪೆನ್ನು. 0, 1, 2, 3, 4ನೇ ವಾರ, ಆಮೇಲೆ ನಾಲ್ಕು ವಾರಕ್ಕೊಮ್ಮೆ. 48ನೇ ವಾರದ ತನಕ ಹದಿನಾರು ಡೋಸ್, 32 ಪೆನ್ನು! ಮೊದಲ ತಿಂಗಳಲ್ಲೇ ಹತ್ತು ಪೆನ್ನು ಹೋಗುತ್ತೆ, ಉಳಿತಾಯ ಕರಗೋದು ಅಲ್ಲೇ. ವಿಮಾ ನಿಯಂತ್ರಕ ಐಆರ್‌ಡಿಎಐ ಹೇಳಿರೋ ಆಧುನಿಕ ಚಿಕಿತ್ಸೆಗಳ ಪಟ್ಟೀಲಿ ಇಂಜೆಕ್ಷನ್ ಆಗಿ ಕೊಡೋ ಮೊನೊಕ್ಲೋನಲ್ ಆಂಟಿಬಾಡಿ (ಸೆಕುಕಿನುಮಾಬ್ ಆ ಜಾತಿಯದೇ) ಇದೆ, ಆದರೆ ಪಾಲಿಸೀಲಿ ಅದಕ್ಕೆ ಉಪಮಿತಿ (ಇಷ್ಟೇ ಹಣ ಅನ್ನೋ ಮಿತಿ) ಇರಬಹುದು, ಬರೆದು ಕೇಳಿ, ಬರಹದಲ್ಲೇ ಉತ್ತರ ತಗೊಳ್ಳಿ. ಶುರುವಿಗೆ ಮೊದಲು ಎದೆ ಎಕ್ಸ್‌ರೇ, ಕ್ಷಯದ ಪರೀಕ್ಷೆ ಬಿಡೋ ಹಾಗಿಲ್ಲ. ಅಡಗಿದ ಟಿಬಿ ಸಿಕ್ಕರೆ ಮೊದಲು ಅದಕ್ಕೆ ಮಾತ್ರೆ. ಪೆನ್ನು ಫ್ರಿಜ್ಜಲ್ಲಿ 2ರಿಂದ 8 ಡಿಗ್ರಿ, ಫ್ರೀಜರಲ್ಲಿ ಅಲ್ಲ. ಚುಚ್ಚೋ ಮುಂಚೆ ಅರ್ಧ ಗಂಟೆ ಹೊರಗಿಡಿ, ತಣ್ಣಗಿದ್ದರೆ ಉರಿಯುತ್ತೆ. 2013ರಲ್ಲಿ ನಮ್ಮ ಬೆಂಗಳೂರಿನ ಬಯೋಕಾನ್ ಈ ಕಾಯಿಲೆಗೇ ಅಂತ ಇಟೊಲಿಜುಮಾಬ್ ತಂದಾಗ ನಮಗೆಲ್ಲ ಎಷ್ಟು ಆಸೆ ಹುಟ್ಟಿತ್ತು! ದರ ಇಳೀಬೇಕು ರೀ, ಇಳಿದರೆ ಮಾತ್ರ ನಮ್ಮಂಥೋರ ಕೈಗೆ ಬರೋದು.

ಆರ್.ಟಿ. ನಗರ ಅನಿಲ್
ಸುಮಾ ಅವರು ಬರೆದಿರೋದನ್ನ ಒಬ್ಬರಾದರೂ ಓದಿದ್ದೀರಾ? ಉಗುರಲ್ಲಿ ಗುಳಿ, ತಲೇಲಿ ಸೋರಿಯಾಸಿಸ್, ಬೆಳಗ್ಗೆ ಹಿಮ್ಮಡಿ ನೋವು! ಹಿಮ್ಮಡಿ ಮೂಳೆಗೆ ಸ್ನಾಯುರಜ್ಜು ಅಂಟೋ ಜಾಗ ಊದಿಕೊಂಡರೆ ಹೀಗೇ ಆಗೋದು. ಕೆಲವರಿಗೆ ಇದು ಕೀಲಿಗೂ ಇಳಿಯುತ್ತೆ, ಸಾಮಾನ್ಯವಾಗಿ ಚರ್ಮದ ಪ್ಯಾಚು ಬಂದು ಸುಮಾರು ಹತ್ತು ವರ್ಷಕ್ಕೆ, ಇವರಿಗೆ ಒಂಬತ್ತಾಗಿದೆ. ಐದು ಪ್ರಶ್ನೆ ಕೇಳಿ ನೋಡಿ ಸುಮಾ: ಯಾವತ್ತಾದರೂ ಕೀಲು ಊದಿತ್ತಾ, ಡಾಕ್ಟ್ರು ಸಂಧಿವಾತ ಅಂದಿದ್ರಾ, ಉಗುರಲ್ಲಿ ಗುಳಿ ಇದೆಯಾ, ಹಿಮ್ಮಡಿ ನೋವಿದೆಯಾ, ಕಾರಣ ಇಲ್ಲದೆ ಕೈ ಅಥವಾ ಕಾಲಿನ ಒಂದು ಬೆರಳು ಪೂರ್ತಿ ಊದಿ ನೋವಾಗಿತ್ತಾ? ಮೂರಕ್ಕೆ ಹೌದು ಅಂದ್ರೆ ಕೀಲು ತಜ್ಞರನ್ನ ಕಾಣಲೇಬೇಕು. ಲೈಟಿಂದ ಕೀಲಿಗೆ ಏನೇನೂ ಪ್ರಯೋಜನ ಆಗಲ್ಲ. ಸವೆದ ಕೀಲು ವಾಪಸ್ ಬರಲ್ಲ. ಮಗು ಯೋಚನೆ ಇದೆ ಅಂದಿದ್ದಾರೆ, ಮೆಥೊಟ್ರೆಕ್ಸೇಟ್ ಲೇಬಲ್ ಪ್ರಕಾರ ಗಂಡಸರೂ ನಿಲ್ಲಿಸಿ ಮೂರು ತಿಂಗಳು ಕಾಯಬೇಕು. ರಘು, ಅದನ್ನ ಯಾಕೆ ನುಂಗಿಬಿಟ್ರಿ?

ಬಸವನಗುಡಿ ರಘು
ನುಂಗಿಲ್ಲ. ಹೆಂಗಸರಿಗೆ ಖಡಾಖಂಡಿತ ಬೇಡ. ಗಂಡಸರ ವಿಷಯದಲ್ಲಿ ಕೀಲು ತಜ್ಞರ 2020ರ ಅಮೆರಿಕದ ಮಾರ್ಗಸೂಚಿ ಮುಂದುವರಿಸಬಹುದು ಅನ್ನುತ್ತೆ. ಲೇಬಲ್ ಒಂದು ಹೇಳುತ್ತೆ, ಮಾರ್ಗಸೂಚಿ ಇನ್ನೊಂದು. ಡಾಕ್ಟ್ರ ಹತ್ತಿರ ನೇರವಾಗಿ ಕೇಳಿ ತೀರ್ಮಾನ ಮಾಡಿ.

ರಾಮನಗರ ಶಿವಣ್ಣ
ನೀರಿನ ಬಗ್ಗೆ ಯಾರೂ ಮಾತಾಡ್ತಿಲ್ಲ. ಬೋರ್‌ವೆಲ್ ಬಿಟ್ಟು ಕಾವೇರಿ ನೀರಲ್ಲಿ ಸ್ನಾನ ಮಾಡಲಿ, ಅರ್ಧ ವಾಸಿ.

ಯಲಹಂಕ ಪ್ರದೀಪ್
ನೀರಿಂದ ಸೋರಿಯಾಸಿಸ್ ಬರಲ್ಲ, ಹೋಗೋದೂ ಇಲ್ಲ. ಈ ಮಾತು ನಂಬಿ ಎಷ್ಟು ಜನ ನೀರಿನ ಗಡಸು ತೆಗೆಯೋ ಸಾಫ್ಟನರ್‌ಗೆ ದುಡ್ಡು ಸುರಿದಿದ್ದಾರೆ ಗೊತ್ತಾ?

ಸುಮಾ, ವಿಜಯನಗರ
ಅನಿಲ್ ಅವರೇ, ಕೇಳಿದೆ. ಉಗುರು ಹೌದು, ಹಿಮ್ಮಡಿ ಹೌದು. ದೀಪಾವಳಿ ಹೊತ್ತಿಗೆ ಎಡಗಾಲಿನ ಎರಡನೇ ಬೆರಳು ಬುಡದಿಂದ ತುದಿ ತನಕ ಊದಿ ಮೂರು ವಾರ ಹಾಗೇ ಇತ್ತು. ಶೂ ಕಚ್ಚಿದ್ದು ಅಂದ್ಕೊಂಡಿದ್ವಿ. ಮೂರಾಯ್ತು.

ರಾಮನಗರ ಶಿವಣ್ಣ
ಪ್ರದೀಪ್ ಅವರೇ, ಗಡಸು ನೀರಲ್ಲಿ ಸೋಪು ಮೈಗೆ ಅಂಟಿ ಉಳಿದು ಚರ್ಮ ಬಿಗಿಯುತ್ತೆ, ಡಿಸೆಂಬರ್ ಚಳೀಲಿ ಇನ್ನೂ ಜಾಸ್ತಿ. ಅದಾದ್ರೂ ನಿಜ ತಾನೇ?

ಯಲಹಂಕ ಪ್ರದೀಪ್
ಅದು ನಿಜ. ಹಾಗಂತ ಬರೀರಿ, ಅರ್ಧ ವಾಸಿ ಅಂತ ಬರೀಬೇಡಿ. ಮೈ ಒದ್ದೆ ಇರುವಾಗಲೇ, ಮೂರು ನಿಮಿಷದೊಳಗೆ ವೈಟ್ ಪೆಟ್ರೋಲಿಯಂ ಜೆಲ್ಲಿ ಹಚ್ಚೋದು ಸಾಫ್ಟನರ್‌ಗಿಂತ ವಾಸಿ.

ಆರ್.ಟಿ. ನಗರ ಅನಿಲ್
ನೀರಿನ ಜಗಳ ಬಿಡಿ ಇಬ್ಬರೂ. ಸುಮಾ, ಬೆರಳು ಊದಿದ್ದಾಗಿನ ಫೋಟೋ ಫೋನಲ್ಲಿ ಇದ್ದರೆ ಹುಡುಕಿ ಇಟ್ಕೊಳ್ಳಿ, ಕೀಲು ತಜ್ಞರಿಗೆ ತೋರಿಸೋಕೆ ಬೇಕು. ಅವರನ್ನ ಕಾಣೋತನಕ ಮೂರರಲ್ಲಿ ಯಾವುದನ್ನೂ ಶುರು ಮಾಡಬೇಡಿ.