ಕಾಲು ಊರದೆ ಬೈಕ್ ನಿಂತರೂ ಐದು ಪಾಯಿಂಟಾ? ಟ್ರಯಲ್ಸ್ ನಿಯಮದ ಬಗ್ಗೆ ಚರ್ಚೆ

ಹಾಸನ ರೈಡರ್

ಎಲ್ಲರಿಗೂ ನಮಸ್ಕಾರ. ಟ್ರಯಲ್ಸ್, ಅಂದರೆ ಬಂಡೆ ಹಳ್ಳಗಳಲ್ಲಿ ಕಾಲು ಊರದೆ ಬೈಕ್ ಓಡಿಸುವ ಆಟ, ಗೊತ್ತಿರುವವರು ಇದ್ದರೆ ಸ್ವಲ್ಪ ಬಿಡಿಸಿ ಹೇಳಿ. ಹಲವು ಸಲ ವಿಶ್ವ ಚಾಂಪಿಯನ್ ಆದ ಟೋನಿ ಬೌ ವಿಡಿಯೋಗಳನ್ನು ನೋಡುತ್ತಾ ಇರುತ್ತೇನೆ. ಬಂಡೆಯ ತುದಿಯಲ್ಲಿ ಬೈಕ್ ನಿಲ್ಲಿಸಿ, ಹಿಂದಿನ ಚಕ್ರವನ್ನು ಕುಪ್ಪಳಿಸಿ, ದಿಕ್ಕು ಸರಿಮಾಡಿಕೊಂಡು ಆಮೇಲೆ ಮುಂದಿನ ಬಂಡೆಗೆ ಹಾರುತ್ತಾರೆ. ಕಾಲು ಎಲ್ಲೂ ತಾಗಲ್ಲ. ಸೊನ್ನೆ ತಪ್ಪು ಪಾಯಿಂಟ್, ಅಂದರೆ ಕ್ಲೀನ್.

ಇಂಗ್ಲೆಂಡಿನಲ್ಲಿರುವ ನನ್ನ ಗೆಳೆಯ ಅಲ್ಲಿನ ಒಂದು ಕ್ಲಬ್ ಟ್ರಯಲ್‌ನಲ್ಲಿ ಓಡಿಸಿದ. ಒಂದು ತಿರುವಿನಲ್ಲಿ ಬೈಕ್ ಅರೆಗಳಿಗೆ ನಿಂತಿತಂತೆ. ಕಾಲು ಊರಲೇ ಇಲ್ಲ ಅನ್ನುತ್ತಾನೆ. ಆದರೂ ಪಾಯಿಂಟ್ ಬರೆಯುವ ಅಬ್ಸರ್ವರ್ ಐದು ಕೊಟ್ಟರಂತೆ. ಮೂರು ಸಲ ಕಾಲು ಊರಿದವನಿಗೆ ಮೂರು, ಊರದೇ ಇದ್ದ ಇವನಿಗೆ ಐದು. ಇದು ಸರೀನಾ?

ಯಾರ್ಕ್‌ಷೈರ್ ಕನ್ನಡತಿ

ನಾನು ಇಲ್ಲಿ ಕ್ಲಬ್ ಟ್ರಯಲ್‌ಗಳಲ್ಲಿ ಅಬ್ಸರ್ವರ್ ಆಗಿ ನಿಲ್ಲುತ್ತೇನೆ. ಹೊಸಬರಿಗಾಗಿ ಮೊದಲು ಲೆಕ್ಕ ಹೇಳಿಬಿಡುತ್ತೇನೆ. ಟ್ರಯಲ್ಸ್ ಅಂದರೆ ರೇಸ್ ಅಲ್ಲ. ಹಳ್ಳ, ಬಂಡೆ, ಬೇರು, ಕೆಸರು ಇರುವ ಒಂದು ತುಂಡು ಜಾಗಕ್ಕೆ ಗುರುತು ಹಾಕಿರುತ್ತಾರೆ. ಬಲಕ್ಕೆ ಕೆಂಪು, ಎಡಕ್ಕೆ ನೀಲಿ. ಅದೇ ಸೆಕ್ಷನ್. ಮುಂದಿನ ಚಕ್ರದ ಅಚ್ಚು ಶುರುವಿನ ಫಲಕ ದಾಟಿದಾಗಿನಿಂದ ಮುಗಿಯುವ ಫಲಕ ದಾಟುವವರೆಗೆ ನಮ್ಮ ಲೆಕ್ಕ. ಒಂದು ಸಲ ಕಾಲು ಊರಿದರೆ 1, ಎರಡು ಸಲಕ್ಕೆ 2, ಮೂರು ಅಥವಾ ಎಷ್ಟೇ ಜಾಸ್ತಿ ಸಲ ಊರಿದರೂ 3. ಬಿದ್ದರೆ, ಗುರುತಿನ ಹೊರಗೆ ಹೋದರೆ, ಬೇರೆಯವರು ಕೈಹಾಕಿದರೆ 5. ಕಡಿಮೆ ಪಾಯಿಂಟ್ ಇದ್ದವರು ಗೆಲ್ಲುತ್ತಾರೆ. ಸಮ ಆದರೆ ಯಾರ ಕ್ಲೀನ್ ಜಾಸ್ತಿ ಅಂತ ನೋಡುತ್ತಾರೆ.

ಇನ್ನು ನಿಲ್ಲುವ ವಿಷಯ. ಎರಡು ಪದ್ಧತಿ ಇವೆ. ಒಂದರಲ್ಲಿ ನಿಲ್ಲಬಹುದು, ಇನ್ನೊಂದರಲ್ಲಿ ಬೈಕ್ ಮುಂದಕ್ಕೆ ಚಲಿಸುತ್ತಲೇ ಇರಬೇಕು, ನಿಂತರೆ ಐದು. ವಿಶ್ವ ಚಾಂಪಿಯನ್‌ಷಿಪ್‌ನಲ್ಲೂ 2013ರಲ್ಲಿ ನಾನ್-ಸ್ಟಾಪ್ ತಂದರು, ಕೆಲವು ವರ್ಷ ನಡೆಸಿ ಮತ್ತೆ ಬಿಟ್ಟರು. ಬ್ರಿಟನ್ನಿನ ಬಹಳ ಕ್ಲಬ್‌ಗಳು ಮತ್ತು ಸ್ಕಾಟಿಷ್ ಸಿಕ್ಸ್ ಡೇಸ್ ಟ್ರಯಲ್ ಇವತ್ತಿಗೂ ನಾನ್-ಸ್ಟಾಪ್. ನಿಮ್ಮ ಗೆಳೆಯ ಓಡಿಸಿದ್ದು ಅಂಥ ಟ್ರಯಲ್ ಆಗಿದ್ದರೆ, ಬೈಕ್ ನಿಜವಾಗಿ ನಿಂತಿದ್ದರೆ, ಐದು ಸರಿ. ಕ್ಲಬ್ ಮಟ್ಟಕ್ಕೆ ಅದೇ ಒಳ್ಳೆಯ ನಿಯಮ ಅಂತ ನಾನು ಖಂಡಿತ ಹೇಳುತ್ತೇನೆ.

ಬಾರ್ಸಿಲೋನಾವಾಸಿ

ಮೇಡಂ, ಲೆಕ್ಕ ಸರಿ ಹೇಳಿದಿರಿ. ಕೊನೆಯ ಮಾತು ಒಪ್ಪಲ್ಲ. ನಾನಿರುವುದು ಕ್ಯಾಟಲೋನಿಯಾದಲ್ಲಿ. ಟೋನಿ ಬೌ ಹುಟ್ಟಿದ ಪಿಯೆರಾ ಇಲ್ಲೇ ಹತ್ತಿರ. ಮೊಂಟೆಸಾ, ಬುಲ್ಟಾಕೊ, ಓಸ್ಸಾ ಎಲ್ಲ ಈ ನೆಲದ ಬೈಕುಗಳು. ಇಲ್ಲಿನ ಮಕ್ಕಳು ಮೊದಲು ಸೈಕಲ್ ಮೇಲೆ ನಿಂತಲ್ಲೇ ನಿಲ್ಲುವುದನ್ನು ಕಲಿಯುತ್ತಾರೆ. ಜೋರ್ಡಿ ತಾರೆಸ್ ಸೈಕಲ್ ಟ್ರಯಲ್ಸ್‌ನಿಂದ ಬಂದು ಮೋಟಾರ್ ಬೈಕಿನಲ್ಲಿ ಏಳು ಸಲ ವಿಶ್ವ ಚಾಂಪಿಯನ್ ಆದವರು. ಆ ಕೌಶಲ್ಯವೇ ಈ ಆಟವನ್ನು ಬದಲಾಯಿಸಿತು. ಅಷ್ಟು ಕಷ್ಟಪಟ್ಟು ಕಲಿತ ಸಮತೋಲನವನ್ನು ತಪ್ಪು ಅಂತ ಎಣಿಸಿ ಐದು ಕೊಡುವುದು ನನಗೆ ಹಿಡಿಸಲ್ಲ.

ಇನ್ನೊಂದು ಮಾತು. ಕಾಲು ಊರಿದ್ದು ಕಣ್ಣಿಗೆ ಕಾಣುತ್ತದೆ. ನಿಂತಿತೋ ಇಲ್ಲವೋ ಅನ್ನುವುದು ಅಭಿಪ್ರಾಯ. ಒಬ್ಬ ಅಬ್ಸರ್ವರ್‌ಗೆ ನಿಂತಂತೆ ಕಂಡದ್ದು ಪಕ್ಕದ ಸೆಕ್ಷನ್ನಿನವರಿಗೆ ಕಾಣಲ್ಲ. ಇಬ್ಬರೂ ಪ್ರಾಮಾಣಿಕರೇ ಇರಬಹುದು. ಆದರೆ ಗೆಲುವು ಸೋಲು ಅದರ ಮೇಲೆ ನಿಂತರೆ ರೈಡರ್‌ಗೆ ಅನ್ಯಾಯ ತಾನೇ? 2013ರ ನಂತರ ದೊಡ್ಡ ಪಂದ್ಯಗಳಲ್ಲಿ ಬಂದ ದೂರು ಇದೇ.

ರ‍್ಯಾಲಿ ಮಾರ್ಷಲ್

ಟ್ರಯಲ್ಸ್‌ನಲ್ಲಿ ನಾನು ಕೆಲಸ ಮಾಡಿಲ್ಲ. ಕೆ-1000 ಮತ್ತು ಚಿಕ್ಕಮಗಳೂರು ಕಡೆಯ ರ‍್ಯಾಲಿಗಳಲ್ಲಿ ಮಾರ್ಷಲ್ ಆಗಿ ನಿಂತ ಅನುಭವದಿಂದ ಹೇಳುತ್ತೇನೆ. ನಮ್ಮಲ್ಲಿ ಗಡಿಯಾರ ಇದೆ. ಗಾಡಿ ಕಂಟ್ರೋಲ್‌ಗೆ, ಅಂದರೆ ಸಮಯ ಬರೆಯುವ ಜಾಗಕ್ಕೆ, ಬಂದ ನಿಮಿಷ ಬರೆದರೆ ಮುಗಿಯಿತು, ವಾದಕ್ಕೆ ಜಾಗ ಕಡಿಮೆ. ಹಾಗಾಗಿ ಬಾರ್ಸಿಲೋನಾ ಸರ್ ಮಾತು ನನಗೆ ಸರಿ ಕಾಣುತ್ತದೆ. ನಿಲ್ಲಲು ಬಿಡಿ, ಒಂದು ಸ್ಟಾಪ್‌ವಾಚ್ ಕೊಡಿ, ಇಷ್ಟು ಸೆಕೆಂಡ್ ದಾಟಿದರೆ ಐದು. ಸುಮ್ನೆ ಕಣ್ಣಂದಾಜು ಯಾಕೆ?

ಬಾರ್ಸಿಲೋನಾವಾಸಿ

ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅದೇ ಇದೆ ಸರ್. ಒಂದು ಸೆಕ್ಷನ್‌ಗೆ ಒಂದು ನಿಮಿಷ.

ಯಾರ್ಕ್‌ಷೈರ್ ಕನ್ನಡತಿ

ಮಾರ್ಷಲ್ ಸರ್, ಗಡಿಯಾರ ನೋಡುತ್ತಾ ಕೂತರೆ ಕಾಲು ನೋಡುವವರು ಯಾರು? ವಿಶ್ವ ಮಟ್ಟದಲ್ಲಿ ಒಂದು ಸೆಕ್ಷನ್‌ಗೆ ಹಲವು ಅಧಿಕಾರಿಗಳು ಇರುತ್ತಾರೆ. ಕ್ಲಬ್‌ನಲ್ಲಿ ಒಬ್ಬರೇ. ಬಹಳ ಸಲ ರೈಡರ್‌ನ ತಾಯಿಯೋ, ಮೊಣಕಾಲು ಹಾಳಾಗಿ ಓಡಿಸುವುದು ಬಿಟ್ಟ ಹಿರಿಯರೋ ಆಗಿರುತ್ತಾರೆ. ಸಂಬಳ ಇಲ್ಲ. ಬುತ್ತಿ ತಾವೇ ತರುತ್ತಾರೆ.

ನಾವು ಏನು ನೋಡುತ್ತೇವೆ ಅಂತ ಹೇಳುತ್ತೇನೆ ಕೇಳಿ. ಹಳ್ಳದ ಮಧ್ಯೆ ಮೊಣಕಾಲೆತ್ತರದ ಒಂದು ಮೆಟ್ಟಿಲು ಕಲ್ಲು ಇದೆ ಅಂದುಕೊಳ್ಳಿ. ರೈಡರ್ ಮುಂದಿನ ಚಕ್ರ ಎತ್ತಿ ಕಲ್ಲಿನ ಮೇಲೆ ಇಟ್ಟ. ಹಿಂದಿನ ಟೈರು ಪಾಚಿಯ ಮೇಲೆ ಸುತ್ತುತ್ತಿದೆ. ನೀರು ಹಾರುತ್ತದೆ, ಇಂಜಿನ್ ಕೂಗುತ್ತದೆ. ನೋಡುವವರಿಗೆ ಬೈಕ್ ಓಡುತ್ತಿದೆ ಅನ್ನಿಸುತ್ತದೆ. ನಾನು ಆಗ ಹಿಂದಿನ ಟೈರನ್ನು ನಂಬಲ್ಲ. ಮುಂದಿನ ಚಕ್ರದ ಹಬ್, ಅಂದರೆ ನಡುಗುಂಬದ ಮೇಲೆ ಕಣ್ಣಿಡುತ್ತೇನೆ. ಅದು ಕಲ್ಲಿನ ಮೇಲಿನ ಯಾವುದಾದರೂ ಕಲೆಗೆ ಹೋಲಿಸಿದರೆ ಮುಂದೆ ಹೋಗುತ್ತಿದೆಯಾ? ಬೆರಳಗಲ ಹೋದರೂ ಹೋದ ಹಾಗೆ. ಜೊತೆಗೆ ಕಣ್ಣಂಚಿನಲ್ಲಿ ಎರಡು ಬೂಟು. ಬೂಟು ಕಲ್ಲಿಗೆ ತಾಗಿದರೂ ಒಂದು, ಭುಜ ಮರಕ್ಕೆ ಒರಗಿದರೂ ಒಂದು. ಅಷ್ಟರಲ್ಲಿ ಅವನು ಕಲ್ಲು ಹತ್ತಿ ಆಚೆ ಹೋಗಿರುತ್ತಾನೆ. ಕೈ ಎತ್ತಿ ಪಾಯಿಂಟ್ ತೋರಿಸಿ ಹಾಳೆಯಲ್ಲಿ ಪೆನ್ಸಿಲ್ಲಿನಲ್ಲಿ ಬರೆಯಬೇಕು. ಮಳೆಯಲ್ಲಿ ಪೆನ್ನು ಓಡಲ್ಲ. ಕೆಲವು ಕ್ಲಬ್‌ಗಳಲ್ಲಿ ರೈಡರ್ ತಂದ ಕಾರ್ಡಿಗೆ ಪಂಚ್ ಹೊಡೆಯುತ್ತೇವೆ. ಮುಂದಿನವನು ಆಗಲೇ ಸೆಕ್ಷನ್ನಿನ ಬಾಯಲ್ಲಿ ಕಾಯುತ್ತಿರುತ್ತಾನೆ.

ನಿಂತಿತೋ ಇಲ್ಲವೋ ಅಂತ ಅನುಮಾನ ಬಂದರೆ ಲಾಭ ರೈಡರ್‌ಗೆ. ಇದು ನಮ್ಮಲ್ಲಿ ಹಳೆಯ ರೂಢಿ. ಹಾಗಾಗಿ ಅರೆಗಳಿಗೆ ಅನುಮಾನಕ್ಕೆ ಐದು ಕೊಟ್ಟಿದ್ದರೆ ಅಲ್ಲಿ ತಪ್ಪಿದ್ದು ನಿಯಮ ಅಲ್ಲ, ಅದನ್ನು ಹಿಡಿದ ರೀತಿ.

ಬಾರ್ಸಿಲೋನಾವಾಸಿ

ನಿಮ್ಮಂಥವರು ನಿಂತರೆ ಸರಿ ಮೇಡಂ. ಎಲ್ಲರೂ ಹಬ್ ನೋಡುತ್ತಾರಾ? ನೋಡಬೇಕು ಅಂತ ಎಷ್ಟು ಜನಕ್ಕೆ ಗೊತ್ತಿದೆ? ನಿಯಮ ಒಳ್ಳೆಯದಾ ಅಂತ ತಿಳಿಯಬೇಕಾದರೆ ಸಾಮಾನ್ಯ ಅಬ್ಸರ್ವರ್ ಕೈಯಲ್ಲಿ ಅದು ಏನಾಗುತ್ತದೆ ಅಂತ ನೋಡಬೇಕು.

ಸೈಕಲ್ ಟ್ರಯಲ್ಸ್ ಮೈಸೂರು

ನಾನು ಓಡಿಸುವುದು ಸೈಕಲ್. ನಮ್ಮದರಲ್ಲಿ ನಿಲ್ಲದೇ ಏನೂ ಆಗಲ್ಲ. ಆದರೂ ಯಾರ್ಕ್‌ಷೈರ್ ಅಕ್ಕನ ಕಡೆಗೆ ಒಂದು ಮಾತು ಸೇರಿಸುತ್ತೇನೆ. ನಿಲ್ಲಲು ಬಿಟ್ಟರೆ ಅಡಚಣೆ ಬೆಳೆಯುತ್ತಾ ಹೋಗುತ್ತದೆ. ನಿಂತು, ಉಸಿರು ಬಿಟ್ಟು, ಕೋನ ಸರಿಮಾಡಿಕೊಂಡು ಹಾರುವವನಿಗೆ ಮೊಣಕಾಲೆತ್ತರದ ಕಲ್ಲು ಸಾಲಲ್ಲ. ಎಲ್ಲರೂ ಕ್ಲೀನ್ ಮಾಡಿಬಿಡುತ್ತಾರೆ. ಆಗ ಸೆಕ್ಷನ್ ಹಾಕುವವರು ಎದೆಯೆತ್ತರದ ಕಲ್ಲು ಹುಡುಕುತ್ತಾರೆ. ಅಲ್ಲಿಂದ ಹಿಮ್ಮುಖವಾಗಿ ಬಿದ್ದರೆ ಬೈಕ್ ಮೈಮೇಲೆ. ಶನಿವಾರ ಓಡಿಸಿ ಸೋಮವಾರ ಕೆಲಸಕ್ಕೆ ಹೋಗಬೇಕಾದವರು ಆಟ ಬಿಟ್ಟುಬಿಡುತ್ತಾರೆ.

ಹಳೆಯ ಬೈಕಿನವರ ಕಷ್ಟ ಬೇರೆ. ಹಿಂದೆ ಎರಡು ಶಾಕ್ ಅಬ್ಸಾರ್ಬರ್ ಇರುವ 70ರ ದಶಕದ ಬೈಕನ್ನು ಅಷ್ಟು ಸುಲಭವಾಗಿ ಕುಪ್ಪಳಿಸಲು ಆಗಲ್ಲ. ಅವು ಉರುಳುತ್ತಾ ಹೋಗಲಿಕ್ಕೆ ಮಾಡಿದ ಬೈಕುಗಳು. ನಾನ್-ಸ್ಟಾಪ್ ಇದ್ದರೆ ಹೊಸದು ಹಳೆಯದು ಒಂದೇ ಹಳ್ಳದಲ್ಲಿ ಓಡಬಹುದು.

ಬಾರ್ಸಿಲೋನಾವಾಸಿ

ಬೈಕಿನ ಮಾತು ಬಂದದ್ದು ಒಳ್ಳೆಯದಾಯಿತು. ಹಳೆಯ ಕಾಲದ ಹೆಸರಾಂತ ರೈಡರ್ ಸ್ಯಾಮಿ ಮಿಲ್ಲರ್ 1964ರಲ್ಲಿ ಸ್ಕಾಟಿಷ್ ಸಿಕ್ಸ್ ಡೇಸ್ ಗೆದ್ದದ್ದು ಏರಿಯಲ್ ಬೈಕ್ ಮೇಲೆ. 500 ಸಿಸಿಯ ಭಾರದ ಫೋರ್ ಸ್ಟ್ರೋಕ್. ಮರುವರ್ಷ 1965ರಲ್ಲಿ ಬುಲ್ಟಾಕೊ ಶೆರ್ಪಾ ಮೇಲೆ ಗೆದ್ದರು. ಆ ಹಗುರದ ಟೂ ಸ್ಟ್ರೋಕನ್ನು ಸಿದ್ಧಪಡಿಸಲು ಅವರೇ ಬಾರ್ಸಿಲೋನಾ ಕಾರ್ಖಾನೆಗೆ ಬಂದು ಕೂತಿದ್ದರು. ಬೈಕ್ ಹಗುರ ಆದ ಹಾಗೆಲ್ಲ ಓಡಿಸುವ ರೀತಿ ಬದಲಾಗಿದೆ. ಈಗಿನ ಬೈಕ್ ಸುಮಾರು 70 ಕಿಲೋ. ಅದು ನಿಲ್ಲುತ್ತದೆ, ಕುಪ್ಪಳಿಸುತ್ತದೆ, ಪಕ್ಕಕ್ಕೆ ಜರುಗುತ್ತದೆ. ಅಷ್ಟೆಲ್ಲ ಮಾಡುವ ಬೈಕ್ ಕೊಟ್ಟು ಮಾಡಬೇಡ ಅಂದರೆ ಹೇಗೆ? ಹಳೆಯ ಬೈಕಿಗೆ ಬೇರೆ ವರ್ಗ, ಬೇರೆ ದಾರಿ ಹಾಕಿ.

ಯಾರ್ಕ್‌ಷೈರ್ ಕನ್ನಡತಿ

ಬೇರೆ ದಾರಿ ಈಗಲೂ ಇದೆ. ಒಂದೇ ಸೆಕ್ಷನ್ನಿನಲ್ಲಿ ಬೇರೆ ಬೇರೆ ಬಣ್ಣದ ಗೇಟ್ ಇಟ್ಟು ಕಷ್ಟದ್ದು, ನಡುವಿನದ್ದು, ಸುಲಭದ್ದು ಅಂತ ಮಾಡುತ್ತೇವೆ. ಒಬ್ಬಳೇ ಅಬ್ಸರ್ವರ್ ಯಾರಿಗೆ ಯಾವ ಬಣ್ಣ ಅಂತಲೂ ನೆನಪಿಡಬೇಕು. ಅದಕ್ಕೆ ಇನ್ನೊಂದು ನಿಯಮ ಸೇರಿಸಿ, ಹಳೆಯ ಬೈಕು ನಿಲ್ಲಬಾರದು, ಹೊಸದು ನಿಲ್ಲಬಹುದು, ಹೊಸದಕ್ಕೆ ಗಡಿಯಾರ ಅಂದರೆ ಮುಂದಿನ ವಾರ ಅಬ್ಸರ್ವರ್ ಬರುವುದೇ ಇಲ್ಲ. ಜನ ಸಿಗದೆ ಸೆಕ್ಷನ್ ಕಡಿಮೆ ಮಾಡುವ ಕ್ಲಬ್‌ಗಳಿವೆ. ಸ್ಕಾಟಿಷ್ ಸಿಕ್ಸ್ ಡೇಸ್‌ನಲ್ಲಿ ದಿನಕ್ಕೆ 30 ಸೆಕ್ಷನ್, ಆರು ದಿನ. ಫೋರ್ಟ್ ವಿಲಿಯಂ ಸುತ್ತಲಿನ ಗುಡ್ಡಗಳ ಮೇಲೆ, ಮೇ ತಿಂಗಳ ಚಳಿಗಾಳಿಯಲ್ಲಿ, ಇನ್ನೂರಕ್ಕೂ ಜಾಸ್ತಿ ರೈಡರ್ ದಾಟುವವರೆಗೆ ಒಂದೇ ಕಡೆ ನಿಂತವರನ್ನು ನೆನೆಸಿಕೊಳ್ಳಿ. ಅವರು ನಡೆಸಬಲ್ಲ ನಿಯಮವೇ ನಿಯಮ. ನನ್ನ ವಾದ ಇಷ್ಟೇ.

ರ‍್ಯಾಲಿ ಮಾರ್ಷಲ್

ಈ ಮಾತು ನನಗೆ ತಟ್ಟಿತು ತಾಯಿ. ನಮ್ಮಲ್ಲೂ ರಾತ್ರಿ ಕಾಡಿನ ಕಂಟ್ರೋಲ್‌ಗೆ ಜನ ಸಿಗುವುದೇ ಕಷ್ಟ. ಆದರೆ ಗಡಿಯಾರ ಇರುವ ಟ್ರಯಲ್ ಇಲ್ಲವೇ ಇಲ್ಲವಾ?

ಯಾರ್ಕ್‌ಷೈರ್ ಕನ್ನಡತಿ

ಇದೆ ಸರ್, ನಮ್ಮ ಪಕ್ಕದಲ್ಲೇ. ಸ್ವೇಲ್‌ಡೇಲ್‌ನಲ್ಲಿ ನಡೆಯುವ ಸ್ಕಾಟ್ ಟ್ರಯಲ್, 1914ರಲ್ಲಿ ಶುರುವಾದದ್ದು. ಅದರಲ್ಲಿ ಸೆಕ್ಷನ್ ಪಾಯಿಂಟ್ ಜೊತೆ ಇಡೀ ದಾರಿಯ ಸಮಯವೂ ಲೆಕ್ಕ. ಎಲ್ಲರಿಗಿಂತ ಬೇಗ ಮುಗಿಸಿದವರ ಸಮಯ ಅಳತೆಗೋಲು, ಅದಕ್ಕಿಂತ ತಡವಾದ ಪ್ರತಿ ನಿಮಿಷಕ್ಕೆ ಒಂದು ಪಾಯಿಂಟ್. ಸಮಯ ನೋಡಲು ಬೇರೆ ಜನ ಇರುತ್ತಾರೆ. ಸೆಕ್ಷನ್ನಿನಲ್ಲಿ ನಿಂತವರು ಕಾಲು ನೋಡಿದರೆ ಸಾಕು.

ಸೈಕಲ್ ಟ್ರಯಲ್ಸ್ ಮೈಸೂರು

ಅಕ್ಕಾ, ಎಲೆಕ್ಟ್ರಿಕ್ ಬೈಕ್ ಬಂದ ಮೇಲೆ ಅಬ್ಸರ್ವರ್ ಕೆಲಸ ಕಷ್ಟ ಆಗಿದೆಯಾ? ಸದ್ದೇ ಇರಲ್ಲ ಅಲ್ವಾ.

ಯಾರ್ಕ್‌ಷೈರ್ ಕನ್ನಡತಿ

ಒಳ್ಳೆಯ ಪ್ರಶ್ನೆ. ಕಾಲು ನೆಲದ ಮೇಲಿದ್ದಾಗ ಇಂಜಿನ್ ನಿಂತುಹೋದರೆ ಐದು. ಪೆಟ್ರೋಲ್ ಬೈಕಿನಲ್ಲಿ ಅದನ್ನು ಕಿವಿಯಿಂದಲೇ ಹಿಡಿಯುತ್ತೇವೆ. ಎಲೆಕ್ಟ್ರಿಕ್‌ನಲ್ಲಿ ಆ ಸುಳಿವು ಇಲ್ಲ. ಕಣ್ಣಿಗೇ ಕೆಲಸ ಜಾಸ್ತಿ. ಆದರೆ ಊರಿನ ಹತ್ತಿರದ ಜಾಗಗಳಲ್ಲಿ ಸದ್ದಿನ ದೂರಿಲ್ಲದೆ ಆಟ ನಡೆಸಬಹುದು ಅನ್ನುವುದು ದೊಡ್ಡ ಲಾಭ.

ಹಾಸನ ರೈಡರ್

ಗೆಳೆಯನಿಗೆ ಇದನ್ನೆಲ್ಲ ಓದಿ ಹೇಳಿದೆ. ತಿರುವಿನಲ್ಲಿ ಹಬ್ ಚಲಿಸುತ್ತಿತ್ತಾ ಅಂತ ಕೇಳಿದರೆ ಅವನಿಗೂ ಖಚಿತ ಇಲ್ಲ. ಈಗ ನನ್ನ ಸ್ವಂತ ಪ್ರಶ್ನೆ. ನನ್ನ ಹತ್ತಿರ ಎಕ್ಸ್‌ಪಲ್ಸ್ 200 ಬೈಕ್ ಇದೆ. ತೋಟದಲ್ಲಿ ಕಲ್ಲು, ಕಾಲುವೆ ಇವೆ. ಅದರಲ್ಲೇ ಅಭ್ಯಾಸ ಮಾಡಬಹುದಾ?

ಬಾರ್ಸಿಲೋನಾವಾಸಿ

ಮಾಡಬಹುದು, ಹಾರಾಟ ಬೇಡ. ಅದು 150 ಕಿಲೋಗಿಂತ ಜಾಸ್ತಿ, ಟ್ರಯಲ್ಸ್ ಬೈಕಿನ ಎರಡರಷ್ಟು. ಟ್ರಯಲ್ಸ್ ಬೈಕಿಗೆ ಸೀಟೇ ಇಲ್ಲದ ಕಾರಣ ಮೊಣಕಾಲು ಮಡಚಿ ಮೈಯನ್ನು ಎತ್ತ ಬೇಕಾದರೂ ತರಬಹುದು. ಗೇರು ತುಂಬಾ ಕೆಳಗೆ, ನಡಿಗೆಗಿಂತ ನಿಧಾನವಾಗಿ ಹೋಗುತ್ತದೆ. ಹಿಂದಿನ ಟೈರಿನಲ್ಲಿ 4-5 ಪಿಎಸ್‌ಐ ಗಾಳಿ ಅಷ್ಟೇ. ಬೆರಳಲ್ಲಿ ಒತ್ತಿದರೆ ಒಳಗೆ ಹೋಗುತ್ತದೆ, ಅದಕ್ಕೇ ಕಲ್ಲನ್ನು ತಬ್ಬಿ ಹಿಡಿಯುತ್ತದೆ. ನಿಮ್ಮ ಟ್ಯೂಬ್ ಟೈರಿನಲ್ಲಿ ಅಷ್ಟು ಇಳಿಸಬೇಡಿ, ವಾಲ್ವ್ ಕಿತ್ತು ಬರುತ್ತದೆ.

ಸಮತಟ್ಟು ನೆಲದಲ್ಲಿ ಎಂಟರ ಆಕಾರದಲ್ಲಿ ತಿರುಗಿಸಿ. ಫುಟ್‌ಪೆಗ್ ಮೇಲೆ ನಿಂತು, ಕ್ಲಚ್ಚಿಗೆ ಒಂದೇ ಬೆರಳು. ನಂತರ ಎರಡು ಕ್ಷಣ ನಿಂತು ಹೊರಡುವುದನ್ನು ಕಲಿಯಿರಿ. ನಿಯಮ ಯಾವುದೇ ಇರಲಿ, ನಿಲ್ಲಲು ಬರುವವನಿಗೆ ನಿಧಾನವಾಗಿ ಹೋಗಲೂ ಬರುತ್ತದೆ.

ಯಾರ್ಕ್‌ಷೈರ್ ಕನ್ನಡತಿ

ಅಭ್ಯಾಸಕ್ಕೆ ನಿಲ್ಲುವುದನ್ನು ನಾನೂ ಒಪ್ಪುತ್ತೇನೆ. ಸ್ಪರ್ಧೆ ಅಂತ ಇಟ್ಟುಕೊಂಡ ದಿನ ಮಾತ್ರ ನಿಲ್ಲದೇ ಹೋಗುವ ದಾರಿ ಹಾಕಿ. ಹಾಕುವ ಮೊದಲು ಬೈಕ್ ಎಷ್ಟು ತಿರುಗುತ್ತದೆ ಅಂತ ತಳ್ಳಿ ನೋಡಿ. ಹ್ಯಾಂಡಲ್ ಪೂರ್ತಿ ತಿರುಗಿಸಿದರೂ ದಾಟದ ತಿರುವು ಇಟ್ಟು ನಿಂತವನಿಗೆ ಐದು ಕೊಟ್ಟರೆ, ಆ ಐದು ಸೆಕ್ಷನ್ ಹಾಕಿದವನಿಗೆ ಸೇರಬೇಕು. ಹೆಲ್ಮೆಟ್, ಮೊಣಕಾಲಿನವರೆಗಿನ ಬೂಟು ಇಲ್ಲದೆ ಇಳಿಯಬೇಡಿ. ಮಣಿಕಟ್ಟಿಗೆ ಕಟ್ಟುವ ಕಿಲ್ ಸ್ವಿಚ್ ದಾರ ಸಿಕ್ಕರೆ ಹಾಕಿಸಿ. ಬಿದ್ದಾಗ ಇಂಜಿನ್ ತಾನೇ ನಿಲ್ಲಬೇಕು.

ಬಾರ್ಸಿಲೋನಾವಾಸಿ

ಸೆಕ್ಷನ್ ಹಾಕುವವರ ಬಗ್ಗೆ ಹೇಳಿದ್ದು ನೂರಕ್ಕೆ ನೂರು ಸರಿ. ನಿಲ್ಲುವ ವಿಷಯದಲ್ಲಿ ನಾನು ಈಗಲೂ ಒಪ್ಪಲ್ಲ ಮೇಡಂ. ಒಂದು ನಿಮಿಷ ಕೊಟ್ಟು ನೋಡಿ, ರೈಡರ್‌ಗಳು ಏನೇನು ಮಾಡುತ್ತಾರೆ ಅಂತ.

ರ‍್ಯಾಲಿ ಮಾರ್ಷಲ್

ಹಾಸನದವರೇ, ತೋಟದಲ್ಲಿ ದಾರಿ ಹಾಕುವ ದಿನ ತಿಳಿಸಿ. ನನ್ನ ಸ್ಟಾಪ್‌ವಾಚ್ ಮನೆಯಲ್ಲಿಟ್ಟು ಬರುತ್ತೇನೆ. ಮೊದಲು ಹಬ್ ನೋಡಲು ಬರುತ್ತದಾ ಅಂತ ಪರೀಕ್ಷಿಸಬೇಕು. ಪೆನ್ಸಿಲ್ ನಾನೇ ತರುತ್ತೇನೆ.