ಸೆನೆಟರ್ ನಿವೃತ್ತಿ ಘೋಷಿಸಿದರೆ ಬಹುಮತದ ಲೆಕ್ಕ ಬದಲಾಗುತ್ತದೆಯೆ?

ಕಡಲಂಚು (ಪ್ರಶ್ನೆ):

2024ರ ಚುನಾವಣೆ ಮುಗಿದಾಗ ಅಮೆರಿಕದ ಸೆನೆಟ್‌ನಲ್ಲಿ ರಿಪಬ್ಲಿಕನ್ನರು 53, ಇಬ್ಬರು ಪಕ್ಷೇತರರನ್ನು ಸೇರಿಸಿಕೊಂಡು ಡೆಮಾಕ್ರಟರು 47. 2025ರ ಜೂನ್ ಕೊನೆಗೆ ನಾರ್ತ್ ಕೆರೊಲಿನಾದ ರಿಪಬ್ಲಿಕನ್ ಸೆನೆಟರ್ ಥಾಮ್ ಟಿಲಿಸ್ ನಿವೃತ್ತಿ ಘೋಷಿಸಿದರು. ಅಂದರೆ 53 ಅಲ್ಲಿಗೇ 52 ಆಯಿತೆ? ಆ ರಾಜ್ಯದ ಗವರ್ನರ್ ಜಾಶ್ ಸ್ಟೈನ್ ಡೆಮಾಕ್ರಟ್. ಖಾಲಿ ಸೀಟಿಗೆ ಗವರ್ನರೇ ನೇಮಕ ಮಾಡುತ್ತಾರಂತೆ. ಅವರು ತಮ್ಮ ಪಕ್ಷದವರನ್ನೇ ತಂದು ಕೂರಿಸಬಹುದೆ? ಸದನದ ಹಿಡಿತ ತಪ್ಪಬೇಕಾದರೆ ಇಂಥ ಎಷ್ಟು ಸೀಟು ಕೈಬಿಡಬೇಕು? ಗೊತ್ತಿರುವವರು ಬಿಡಿಸಿ ಹೇಳಿ.

ಸಂಖ್ಯಾಬಲ:

ಗೊಂದಲ ಶುರುವಾಗುವುದೇ 'ನಿವೃತ್ತಿ' ಎಂಬ ಪದದಿಂದ. ನಮ್ಮಲ್ಲಿ ರಾಜ್ಯಸಭೆ ಸದಸ್ಯರು ನಿವೃತ್ತರಾದರು ಎಂದರೆ ಆರು ವರ್ಷದ ಅವಧಿ ಮುಗಿಯಿತು ಎಂದರ್ಥ. ಅಮೆರಿಕದ ಸುದ್ದಿಯಲ್ಲಿ ನಿವೃತ್ತಿ ಘೋಷಣೆ ಎಂದರೆ ಹೆಚ್ಚಿನ ಸಲ "ಮುಂದಿನ ಸಲ ನಿಲ್ಲುವುದಿಲ್ಲ" ಎಂಬ ಮಾತು, ಅಷ್ಟೆ. ಕುರ್ಚಿ ಬಿಡುವುದಿಲ್ಲ. ಟಿಲಿಸ್ ಅವಧಿ 2027ರ ಜನವರಿ 3ರ ಮಧ್ಯಾಹ್ನ 12ರವರೆಗೆ ಇದೆ. ಅಲ್ಲಿಯವರೆಗೆ ಅವರ ಮತ, ಸಮಿತಿಯ ಜಾಗ ಎಲ್ಲವೂ ಹಾಗೇ. ಘೋಷಣೆಯಿಂದ 53ರಲ್ಲಿ ಒಂದೂ ಕಡಿಮೆಯಾಗುವುದಿಲ್ಲ.

ಅವಧಿಯ ನಡುವೆ ರಾಜೀನಾಮೆ ಕೊಟ್ಟರೆ ಅಥವಾ ಸದಸ್ಯರು ತೀರಿಕೊಂಡರೆ ಮಾತ್ರ ಸೀಟು ನಿಜವಾಗಿ ಖಾಲಿ. ಗವರ್ನರ್ ಯಾವ ಪಕ್ಷ ಎಂಬ ಪ್ರಶ್ನೆ ಏಳುವುದೂ ಆಗಲೇ.

ಹಿಡಿತದ ಲೆಕ್ಕ: 50-50 ಆದರೆ ಉಪಾಧ್ಯಕ್ಷರ ಮತ ನಿರ್ಣಾಯಕ. ಉಪಾಧ್ಯಕ್ಷ ಜೆ.ಡಿ. ವ್ಯಾನ್ಸ್ ರಿಪಬ್ಲಿಕನ್. ಹಾಗಾಗಿ ಮೂರು ಸೀಟು ಕಳೆದುಕೊಂಡರೂ ಸದನ ಅವರ ಕೈಯಲ್ಲೇ. ಡೆಮಾಕ್ರಟರು ನಿವ್ವಳ ನಾಲ್ಕು ಗೆಲ್ಲಬೇಕು. ನಿವ್ವಳ ಎಂಬುದನ್ನು ಮರೆಯಬೇಡಿ, ತಮ್ಮದೊಂದು ಕಳೆದುಕೊಂಡರೆ ಅತ್ತ ಕಡೆ ಐದು ಕಸಿಯಬೇಕು.

ಅಂಚೆಮತ:

ಗವರ್ನರ್ ವಿಷಯಕ್ಕೆ ಬರುತ್ತೇನೆ. 1913ರ 17ನೇ ತಿದ್ದುಪಡಿ ಸೆನೆಟರ್‌ಗಳನ್ನು ಜನರೇ ನೇರವಾಗಿ ಆರಿಸುವ ಹಾಗೆ ಮಾಡಿತು. ಖಾಲಿ ಸೀಟಿಗೆ ಚುನಾವಣೆ ನಡೆಯಬೇಕು. ಅದು ನಡೆಯುವ ತನಕ ತಾತ್ಕಾಲಿಕ ನೇಮಕದ ಅಧಿಕಾರವನ್ನು ಗವರ್ನರ್‌ಗೆ ಕೊಡಬೇಕೋ ಬೇಡವೋ ಎಂಬುದನ್ನು ರಾಜ್ಯದ ಶಾಸನಸಭೆಗೇ ಬಿಟ್ಟಿತು. ಹಾಗಾಗಿ ಒಂದೊಂದು ರಾಜ್ಯದ್ದು ಒಂದೊಂದು ಕಟ್ಟಳೆ. ಹೆಚ್ಚಿನ ಕಡೆ ಗವರ್ನರ್ ಮನಸ್ಸಿಗೆ ಬಂದವರನ್ನು ನೇಮಿಸಬಹುದು. ಒರೆಗಾನ್, ವಿಸ್ಕಾನ್ಸಿನ್‌ನಂಥ ಕೆಲವು ಕಡೆ ನೇಮಕವೇ ಇಲ್ಲ, ನೇರ ವಿಶೇಷ ಚುನಾವಣೆ (ನಮ್ಮ ಉಪಚುನಾವಣೆ ಇದ್ದ ಹಾಗೆ). ಮತ್ತೆ ಕೆಲವು ಕಡೆ ಹಿಂದಿನವರ ಪಕ್ಷದವರನ್ನೇ ನೇಮಿಸಬೇಕು. ನಾರ್ತ್ ಕೆರೊಲಿನಾ ಈ ಗುಂಪಿನದು: ಆ ಪಕ್ಷದ ರಾಜ್ಯ ಕಾರ್ಯಕಾರಿ ಸಮಿತಿ ಮೂರು ಹೆಸರು ಕೊಡುತ್ತದೆ, ಗವರ್ನರ್ ಅದರಲ್ಲಿ ಒಂದನ್ನು ಆರಿಸಬೇಕು. ಟಿಲಿಸ್ ನಡುವೆಯೇ ಎದ್ದು ಹೋದರೂ ಸ್ಟೈನ್ ತಮ್ಮವರನ್ನು ಕೂರಿಸುವಂತಿಲ್ಲ.

ಈ ಕಾನೂನುಗಳು ಸುಮ್ಮನೆ ಹುಟ್ಟಿದವಲ್ಲ. ಮ್ಯಾಸಚೂಸೆಟ್ಸ್ ನೋಡಿ. 2004ರಲ್ಲಿ ಜಾನ್ ಕೆರಿ ಅಧ್ಯಕ್ಷರಾಗಿಬಿಟ್ಟರೆ ಅವರ ಸೀಟಿಗೆ ರಿಪಬ್ಲಿಕನ್ ಗವರ್ನರ್ ಮಿಟ್ ರಾಮ್ನಿ ತಮ್ಮವರನ್ನು ನೇಮಿಸುತ್ತಾರೆಂದು ಡೆಮಾಕ್ರಟರ ಶಾಸನಸಭೆ ನೇಮಕದ ಅಧಿಕಾರವನ್ನೇ ಕಿತ್ತುಹಾಕಿತು. 2009ರ ಆಗಸ್ಟ್‌ನಲ್ಲಿ ಅದೇ ರಾಜ್ಯದ ಇನ್ನೊಬ್ಬ ಸೆನೆಟರ್, ಡೆಮಾಕ್ರಟ್ ಟೆಡ್ ಕೆನಡಿ ತೀರಿಕೊಂಡಾಗ ಗವರ್ನರ್ ಡೆಮಾಕ್ರಟ್. ಆರೋಗ್ಯ ವಿಮೆ ಮಸೂದೆಗೆ 60 ಮತ ಬೇಕಿತ್ತು. ಅದೇ ಶಾಸನಸಭೆ ಅಧಿಕಾರವನ್ನು ವಾಪಸ್ ಕೊಟ್ಟಿತು! ಪಾಲ್ ಕರ್ಕ್ ತಾತ್ಕಾಲಿಕವಾಗಿ ಬಂದರು, ಡಿಸೆಂಬರ್ 24ರಂದು ಮಸೂದೆ 60-39ರಲ್ಲಿ ಪಾಸಾಯಿತು. 2010ರ ಜನವರಿ 19ರ ವಿಶೇಷ ಚುನಾವಣೆಯಲ್ಲಿ ರಿಪಬ್ಲಿಕನ್ ಸ್ಕಾಟ್ ಬ್ರೌನ್ ಗೆದ್ದು 60 ಎಂಬುದು 59 ಆಯಿತು. ಬಹುಮತ ಹೋಗಲಿಲ್ಲ, ಆದರೆ ಫಿಲಿಬಸ್ಟರ್ (ಚರ್ಚೆ ಎಳೆದು ಮತದಾನ ತಡೆಯುವ ತಂತ್ರ, ಮುರಿಯಲು 60 ಮತ ಬೇಕು) ಮುರಿಯುವ ಬಲ ಹೋಯಿತು. ಕೆಂಟಕಿಯದ್ದು ಇದರ ತಿರುವುಮುರುವು. ಅಲ್ಲಿ ಗವರ್ನರ್ ಡೆಮಾಕ್ರಟ್, ಶಾಸನಸಭೆ ರಿಪಬ್ಲಿಕನ್ನರದು. 2021ರಲ್ಲಿ ಹಿಂದಿನವರ ಪಕ್ಷದವರೇ ಆಗಬೇಕೆಂದು ಕಟ್ಟುಹಾಕಿದರು, 2024ರಲ್ಲಿ ನೇಮಕವನ್ನೇ ತೆಗೆದರು.

ಬಾಲ್ಕನಿಕಾಗೆ:

ನಡುವೆ ಎದ್ದುಹೋದ ಒಂದು ಕುರ್ಚಿ ಇಡೀ ಸದನದ ಹಿಡಿತ ಬದಲಿಸಿದ್ದಕ್ಕೆ ಜಾರ್ಜಿಯಾದಷ್ಟು ಸ್ಪಷ್ಟ ಉದಾಹರಣೆ ಇನ್ನೊಂದಿಲ್ಲ.

ರಿಪಬ್ಲಿಕನ್ ಜಾನಿ ಐಸಾಕ್ಸನ್ 2016ರಲ್ಲಿ ಗೆದ್ದವರು, ಅವಧಿ 2023ರ ಜನವರಿವರೆಗೆ. ಪಾರ್ಕಿನ್ಸನ್ ಕಾಯಿಲೆಯ ಕಾರಣ 2019ರ ಡಿಸೆಂಬರ್ 31ಕ್ಕೆ ಹುದ್ದೆ ಬಿಡುವುದಾಗಿ ಆಗಸ್ಟ್‌ನಲ್ಲೇ ಹೇಳಿದರು. ಗವರ್ನರ್ ಬ್ರಯಾನ್ ಕೆಂಪ್ ಅವರದ್ದೇ ಪಕ್ಷ, ಕೆಲಿ ಲೋಫ್ಲರ್ ಅವರನ್ನು ನೇಮಿಸಿದರು. ಸೀಟು ಪಕ್ಷದಲ್ಲೇ ಉಳಿಯಿತು, ಸರಿ. ಆದರೆ ನೇಮಕ ತಾತ್ಕಾಲಿಕ. 2022ಕ್ಕೆ ಬರಬೇಕಿದ್ದ ಚುನಾವಣೆ 2020ರ ನವೆಂಬರ್‌ಗೇ ಬಂತು.

ಎಡವಟ್ಟು ಅಲ್ಲೇ. ಜಾರ್ಜಿಯಾದ ವಿಶೇಷ ಚುನಾವಣೆಯಲ್ಲಿ ಪಕ್ಷದೊಳಗಿನ ಪ್ರಾಥಮಿಕ ಸುತ್ತು ಇರಲಿಲ್ಲ, ಎಲ್ಲ ಪಕ್ಷಗಳ ಎಲ್ಲರೂ ಒಂದೇ ಮತಪತ್ರದಲ್ಲಿ. ನೇಮಕ ತಮಗೆ ಸಿಗಲಿಲ್ಲವೆಂದು ರಿಪಬ್ಲಿಕನ್ ಡಗ್ ಕಾಲಿನ್ಸ್ ಕೂಡ ಕಣಕ್ಕಿಳಿದರು. ಡೆಮಾಕ್ರಟ್ ರಫೇಲ್ ವಾರ್ನಾಕ್ ಸುಮಾರು ಶೇ 33, ಲೋಫ್ಲರ್ ಶೇ 26, ಕಾಲಿನ್ಸ್ ಶೇ 20. ಯಾರಿಗೂ ಶೇ 50 ದಾಟಲಿಲ್ಲ, ಎರಡನೇ ಸುತ್ತಿಗೆ ಹೋಯಿತು. ಅದೇ ರಾಜ್ಯದ ಇನ್ನೊಂದು ಸೀಟಿನಲ್ಲಿ ಡೇವಿಡ್ ಪರ್ಡ್ಯೂ ಶೇ 49.7ಕ್ಕೆ ನಿಂತಿದ್ದರು. ಅದೂ ಎರಡನೇ ಸುತ್ತಿಗೆ. 2021ರ ಜನವರಿ 5ರಂದು ಎರಡನ್ನೂ ಡೆಮಾಕ್ರಟರು ಗೆದ್ದರು. 50-50, ಉಪಾಧ್ಯಕ್ಷೆ ಕಮಲಾ ಹ್ಯಾರಿಸ್. ಐಸಾಕ್ಸನ್ ಅವಧಿ ಪೂರ್ತಿ ಮಾಡುವಂತಿದ್ದರೆ ಆ ಸಲ ಮತಪತ್ರದಲ್ಲಿ ಒಂದೇ ಸೀಟು ಇರುತ್ತಿತ್ತು. ಅದನ್ನು ಸೋತರೂ ರಿಪಬ್ಲಿಕನ್ನರು 51.

ವಾರ್ನಾಕ್ ಗೆದ್ದದ್ದು ಉಳಿದ ಅವಧಿಗೆ ಮಾತ್ರ. 2022ರಲ್ಲಿ ಮತ್ತೆ ನಿಲ್ಲಬೇಕಾಯಿತು, ಮತ್ತೆ ಎರಡನೇ ಸುತ್ತು, ಮತ್ತೆ ಗೆಲುವು.

ಕಡಲಂಚು:

ಧನ್ಯವಾದ ಎಲ್ಲರಿಗೂ. ಒಂದು ಅನುಮಾನ ಉಳಿಯಿತು. 50-50 ಆದ ದಿನವೇ ಹಿಡಿತ ಕೈ ಬದಲಾಗುತ್ತದೆಯೆ?

ಸಂಖ್ಯಾಬಲ:

ಇಲ್ಲ, ತಡವಾಗುತ್ತದೆ. ಸಮಿತಿಗಳನ್ನು ಹಂಚಿಕೊಳ್ಳುವ ನಿರ್ಣಯವನ್ನು ಸದನ ಒಪ್ಪಬೇಕು. 2021ರಲ್ಲಿ ಹ್ಯಾರಿಸ್ ಜನವರಿ 20ರಂದೇ ಬಂದರೂ ಡೆಮಾಕ್ರಟರ ನಾಯಕ ಶೂಮರ್, ರಿಪಬ್ಲಿಕನ್ನರ ನಾಯಕ ಮೆಕಾನಲ್ ಮಾತುಕತೆ ಜಗ್ಗಿ ಆ ನಿರ್ಣಯ ಪಾಸಾದದ್ದು ಫೆಬ್ರವರಿ 3ಕ್ಕೆ. ಅಲ್ಲಿಯವರೆಗೆ ಬಹುಮತ ನಾಯಕ ಡೆಮಾಕ್ರಟ್, ಸಮಿತಿಗಳ ಅಧ್ಯಕ್ಷರು ರಿಪಬ್ಲಿಕನ್ನರು. ವಿಚಿತ್ರ ಸಂಸಾರ. 2001ರದ್ದು ಇನ್ನೂ ವಿಚಿತ್ರ. ಜನವರಿ 3ರಿಂದ 20ರವರೆಗೆ ಅಲ್ ಗೋರ್ ಇನ್ನೂ ಉಪಾಧ್ಯಕ್ಷರಾಗಿದ್ದ ಕಾರಣ 50-50 ಸದನ ಡೆಮಾಕ್ರಟರದು. ಡಿಕ್ ಚೆನಿ ಬಂದ ದಿನದಿಂದ ರಿಪಬ್ಲಿಕನ್ನರದು. ವರ್ಮಾಂಟ್‌ನ ಜಿಮ್ ಜೆಫರ್ಡ್ಸ್ ರಿಪಬ್ಲಿಕನ್ ಪಕ್ಷ ಬಿಟ್ಟು ಜೂನ್ 6ರಿಂದ ಪಕ್ಷೇತರರಾಗಿ ಡೆಮಾಕ್ರಟರ ಜೊತೆ ಕೂತಾಗ ಮತ್ತೆ ಡೆಮಾಕ್ರಟರದು. ಅಲ್ಲಿ ನಮ್ಮ ಹಾಗೆ ಪಕ್ಷಾಂತರ ನಿಷೇಧ ಕಾಯ್ದೆ ಇಲ್ಲ.

ಸೀಟು ಖಾಲಿಯಾಗದೆ ಬರೀ ಗೈರುಹಾಜರಿಯಿಂದಲೂ ಹಿಡಿತ ಸಡಿಲವಾಗುತ್ತದೆ. ಕ್ಯಾಲಿಫೋರ್ನಿಯಾದ ಡೆಮಾಕ್ರಟ್ ಸೆನೆಟರ್ ಡಯಾನ್ ಫೈನ್‌ಸ್ಟೈನ್ 2023ರ ಫೆಬ್ರವರಿಯಲ್ಲಿ ನಿವೃತ್ತಿ ಘೋಷಿಸಿದರು, ಅದರ ಬೆನ್ನಿಗೇ ಅನಾರೋಗ್ಯದಿಂದ ಮೇ ತನಕ ಬರಲಿಲ್ಲ. ನ್ಯಾಯಾಂಗ ಸಮಿತಿಯಲ್ಲಿ 11-10 ಇದ್ದದ್ದು 10-10 ಆಯಿತು. ಸಮ ಬಂದರೆ ನ್ಯಾಯಾಧೀಶರ ಹೆಸರು ಸಮಿತಿ ದಾಟುವುದಿಲ್ಲ. ಬದಲಿ ಸದಸ್ಯರನ್ನು ಹಾಕಲು ರಿಪಬ್ಲಿಕನ್ನರು ಬಿಡಲಿಲ್ಲ. ರಾಜೀನಾಮೆ ಕೊಟ್ಟಿದ್ದರೆ ಗವರ್ನರ್ ನೇಮಕ ಮಾಡುತ್ತಿದ್ದರು, ಇಲ್ಲಿ ಅದೂ ಇಲ್ಲ ಇದೂ ಇಲ್ಲ.

ಅಂಚೆಮತ:

"ಮುಂದೆ ನಿಲ್ಲುವುದಿಲ್ಲ" ಎಂಬ ಬರೀ ಘೋಷಣೆಗೆ ಬೆಲೆಯೇ ಇಲ್ಲವೆಂದು ಮೇಲಿನ ಉತ್ತರಗಳಿಂದ ಅನ್ನಿಸಬಹುದು. ಹಾಗೇನಿಲ್ಲ, ಪೆಟ್ಟು ಬೀಳುವುದು ಮುಂದಿನ ಚುನಾವಣೆಯಲ್ಲಿ. ವೆಸ್ಟ್ ವರ್ಜೀನಿಯಾ ಟ್ರಂಪ್‌ಗೆ ಭಾರಿ ಅಂತರ ಕೊಡುವ ರಾಜ್ಯ. ಅಲ್ಲಿ ಡೆಮಾಕ್ರಟರು ಸೀಟು ಉಳಿಸಿಕೊಂಡದ್ದು ಜೋ ಮ್ಯಾಂಚಿನ್ ಅವರ ಸ್ವಂತ ವರ್ಚಸ್ಸಿನಿಂದ. 2023ರ ನವೆಂಬರ್‌ನಲ್ಲಿ ಅವರು ಒಲ್ಲೆ ಎಂದ ಕ್ಷಣವೇ ಆ ಸೀಟನ್ನು ಎಲ್ಲರೂ ರಿಪಬ್ಲಿಕನ್ ಖಾತೆಗೆ ಬರೆದರು. 2024ರಲ್ಲಿ ಜಿಮ್ ಜಸ್ಟಿಸ್ ಸಲೀಸಾಗಿ ಗೆದ್ದರು. ಅದೇ ವರ್ಷ ಮಿಶಿಗನ್‌ನಲ್ಲಿ ಡೆಬಿ ಸ್ಟ್ಯಾಬೆನೋ ನಿವೃತ್ತರಾದಾಗ ಎಲಿಸ್ಸಾ ಸ್ಲಾಟ್ಕಿನ್ ಸೀಟನ್ನು ಡೆಮಾಕ್ರಟರಲ್ಲೇ ಉಳಿಸಿದರು, ಅದೂ ಶೇ 1ಕ್ಕೂ ಕಡಿಮೆ ಅಂತರದಲ್ಲಿ. ಆದ್ದರಿಂದ ಹೆಸರಿಗಿಂತ ಮೊದಲು ಆ ರಾಜ್ಯದ ಅಧ್ಯಕ್ಷೀಯ ಫಲಿತಾಂಶ ತೆಗೆದು ನೋಡಿ. ಟಿಲಿಸ್ ಸೀಟಿನ ಬಗ್ಗೆ ಇಷ್ಟು ಗದ್ದಲ ಏಕೆಂದರೆ ನಾರ್ತ್ ಕೆರೊಲಿನಾ ಯಾರ ಕಡೆಗೂ ಗಟ್ಟಿಯಾಗಿ ವಾಲಿದ ರಾಜ್ಯವಲ್ಲ.

ಬಾಲ್ಕನಿಕಾಗೆ:

2026ರಲ್ಲಿ ಚುನಾವಣೆಗೆ ಬರುವ ಸೀಟು ಎಣಿಸುವವರು ಸರದಿಯ 33ಕ್ಕೆ ನಿಲ್ಲಿಸಬೇಡಿ, 35. ವ್ಯಾನ್ಸ್ ಉಪಾಧ್ಯಕ್ಷರಾಗಿ, ಮಾರ್ಕೊ ರುಬಿಯೊ ವಿದೇಶಾಂಗ ಸಚಿವರಾಗಿ ಹೋದಾಗ ಒಹಾಯೊ ಮತ್ತು ಫ್ಲಾರಿಡಾ ಸೀಟುಗಳು ಖಾಲಿಯಾದವು. ಎರಡೂ ಕಡೆ ಗವರ್ನರ್ ರಿಪಬ್ಲಿಕನ್, ಹಾಗಾಗಿ ಜಾನ್ ಹಸ್ಟೆಡ್, ಆಶ್ಲಿ ಮೂಡಿ ಬಂದರು, 53 ಅಲುಗಾಡಲಿಲ್ಲ. ಆ ಎರಡಕ್ಕೂ ವಿಶೇಷ ಚುನಾವಣೆ 2026ರ ನವೆಂಬರ್‌ನಲ್ಲಿ. ಗೆದ್ದವರಿಗೆ ಸಿಗುವುದು 2029ರ ಜನವರಿವರೆಗಿನ ಉಳಿಕೆ ಅವಧಿ ಮಾತ್ರ.